ಸರಾಸರಿ ಒಂದೇ, ಹವೆ ಬೇರೆ: ದಕ್ಷಿಣ ಅಮೆರಿಕದ ರಾಜಧಾನಿಗಳು

ಈಕ್ವೆಡಾರ್‌ನ ರಾಜಧಾನಿ ಕ್ವಿಟೊ, ಚಿಲಿಯ ರಾಜಧಾನಿ ಸ್ಯಾಂಟಿಯಾಗೊ. ಎರಡೂ ಊರುಗಳ ವರ್ಷದ ಸರಾಸರಿ ಉಷ್ಣಾಂಶ ಹೆಚ್ಚುಕಮ್ಮಿ ಒಂದೇ: 14ರಿಂದ 15 ಡಿಗ್ರಿ ಸೆಲ್ಸಿಯಸ್. ಈ ಅಂಕಿ ನಂಬಿ ಎರಡೂ ಕಡೆಗೆ ಒಂದೇ ಥರದ ಬಟ್ಟೆ ಕಟ್ಟಿಕೊಂಡು ಹೋದರೆ ಫಜೀತಿ ಆಗುತ್ತದೆ. ಸ್ಯಾಂಟಿಯಾಗೊದಲ್ಲಿ ಜನವರಿ ಮಧ್ಯಾಹ್ನ 30 ಡಿಗ್ರಿ ಬಿಸಿಲು, ಜುಲೈ ಬೆಳಗ್ಗೆ 4 ಡಿಗ್ರಿ ಚಳಿ. ಕ್ವಿಟೊದಲ್ಲಿ ಜನವರಿಯೂ ಒಂದೇ, ಜುಲೈಯೂ ಒಂದೇ.

ಕ್ವಿಟೊ ಇರುವುದು ಭೂಮಧ್ಯರೇಖೆಯ ಪಕ್ಕದಲ್ಲೇ. ವರ್ಷವಿಡೀ ಹಗಲು ಸುಮಾರು 12 ಗಂಟೆ, ಸೂರ್ಯ ಯಾವಾಗಲೂ ನೆತ್ತಿಯ ಆಸುಪಾಸು. ಹಾಗಾಗಿ ಬೇಸಿಗೆ, ಚಳಿಗಾಲ ಅಂತ ಬೇರೆ ಬೇರೆ ಆಗುವುದೇ ಇಲ್ಲ. ಆದರೆ ಊರು ಸಮುದ್ರಮಟ್ಟದಿಂದ 2,850 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಗಾಳಿ ತೆಳು. ಬಿಸಿಲಿದ್ದಾಗ ಬೇಗ ಬೆಚ್ಚಗಾಗುತ್ತದೆ, ಸೂರ್ಯ ಮುಳುಗಿದ ಕೂಡಲೇ ತಣ್ಣಗಾಗುತ್ತದೆ. ಬೆಳಗ್ಗೆ ಸ್ವೆಟರ್, ಮಧ್ಯಾಹ್ನ ಟೋಪಿ, ಸಂಜೆ ಕೊಡೆ, ರಾತ್ರಿ ಮತ್ತೆ ಸ್ವೆಟರ್. ಸ್ಯಾಂಟಿಯಾಗೊ ಒಂದು ವರ್ಷದಲ್ಲಿ ಕಾಣುವ ಏರಿಳಿತದ ಒಳ್ಳೆಯ ಪಾಲನ್ನು ಕ್ವಿಟೊ ಒಂದೇ ದಿನದಲ್ಲಿ ಮುಗಿಸಿಬಿಡುತ್ತದೆ.

ದಕ್ಷಿಣ ಅಮೆರಿಕದಲ್ಲಿ 12 ಸ್ವತಂತ್ರ ದೇಶಗಳಿವೆ. ಅವುಗಳ ರಾಜಧಾನಿಗಳನ್ನು ಸುಮ್ನೆ ಉಷ್ಣಾಂಶದ ಪಟ್ಟಿ ಹಿಡಿದು ಹೋಲಿಸಿದರೆ ಏನೂ ತಿಳಿಯುವುದಿಲ್ಲ. ನಕಾಶೆಯಲ್ಲಿ ಊರು ಎಷ್ಟು ಉತ್ತರಕ್ಕಿದೆ, ಎಷ್ಟು ದಕ್ಷಿಣಕ್ಕಿದೆ ಎಂದು ನೋಡಿದರೂ ಅಷ್ಟೇ. ಇಲ್ಲಿ ಆಟ ಆಡಿಸುವುದು ಆಂಡಿಸ್ ಪರ್ವತ ಮತ್ತು ಅದರ ಪಶ್ಚಿಮಕ್ಕಿರುವ ತಣ್ಣನೆಯ ಕಡಲು.

ಇದಕ್ಕೆ ಪೆರುವಿನ ಲಿಮಾಗಿಂತ ಒಳ್ಳೆಯ ಉದಾಹರಣೆ ನನಗಂತೂ ಗೊತ್ತಿಲ್ಲ. ಭೂಮಧ್ಯರೇಖೆಯಿಂದ ಮೈಸೂರು ಉತ್ತರಕ್ಕೆ ಎಷ್ಟು ದೂರವೋ, ಲಿಮಾ ದಕ್ಷಿಣಕ್ಕೆ ಸುಮಾರು ಅಷ್ಟೇ ದೂರ. ಅದೂ ಸಮುದ್ರದ ದಂಡೆಯಲ್ಲೇ. ಹಾಗಾದರೆ ಸೆಕೆ, ಬೆವರು, ಜೋರು ಮಳೆ ಇರಬೇಕು ಅಲ್ವಾ? ಅಲ್ಲಿ ವರ್ಷಕ್ಕೆ ಬೀಳುವ ಮಳೆ 10 ಮಿಲಿಮೀಟರ್ ಆಸುಪಾಸು. ಬೆಂಗಳೂರಿನ ಒಂದು ಸಂಜೆಯ ಮಳೆ ಇದನ್ನು ಸುಲಭವಾಗಿ ಮೀರಿಸುತ್ತದೆ. ಸುಮಾರು ಒಂದು ಕೋಟಿ ಜನರಿರುವ ಆ ಊರು ನಿಂತಿರುವುದು ಮರುಭೂಮಿಯಲ್ಲಿ. ಆದರೂ ಗಾಳಿಯಲ್ಲಿ ಯಾವಾಗಲೂ ತೇವ. ಚಳಿಗಾಲದಲ್ಲಿ ವಾರಗಟ್ಟಲೆ ಬಿಸಿಲೇ ಕಾಣುವುದಿಲ್ಲ.

ಕಾರಣ ಕಡಲಿನಲ್ಲಿದೆ. ದಂಡೆಯ ಉದ್ದಕ್ಕೂ ದಕ್ಷಿಣದಿಂದ ಬೀಸುವ ಗಾಳಿ ನೀರನ್ನು ದೂಡುತ್ತದೆ. ಭೂಮಿಯ ತಿರುಗುವಿಕೆಯಿಂದಾಗಿ ಮೇಲಿನ ನೀರು ದಂಡೆಯಿಂದ ಆಚೆಗೆ ಸರಿಯುತ್ತದೆ. ಖಾಲಿಯಾದ ಜಾಗಕ್ಕೆ ಆಳದ ತಣ್ಣೀರು ಮೇಲೆದ್ದು ಬರುತ್ತದೆ. ಹಾಗಾಗಿ ಚಳಿಗಾಲದಲ್ಲಿ ಅಲ್ಲಿನ ಕಡಲ ನೀರು 15–17 ಡಿಗ್ರಿ ಮಾತ್ರ. ಅದರ ಮೇಲಿನ ಗಾಳಿಯೂ ತಣ್ಣಗಾಗಿ ಕೆಳಗೇ ಕೂರುತ್ತದೆ. ಅದಕ್ಕಿಂತ ಮೇಲೆ ಬೆಚ್ಚನೆಯ ಒಣ ಗಾಳಿ. ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಇದು. ತೇವ ಇದೆ, ಮೋಡವೂ ಕಟ್ಟುತ್ತದೆ. ಆದರೆ ಆ ಮೋಡ ಮಳೆ ಸುರಿಸುವಷ್ಟು ಎತ್ತರಕ್ಕೆ ಬೆಳೆಯುವುದಿಲ್ಲ. ಪೂರ್ವಕ್ಕೆ ಹೋಗೋಣ ಎಂದರೆ ಆಂಡಿಸ್ ಅಡ್ಡ. ಕೊನೆಗೆ ಉದುರುವುದು ಗರುವಾ ಎಂಬ ಜಿನುಗು ಮಾತ್ರ. ಅದರಿಂದ ರಸ್ತೆ ಒದ್ದೆಯಾಗುತ್ತದೆ, ಕೆರೆ ತುಂಬುವುದಿಲ್ಲ.

ಲಿಮಾದ ಜನರಿಗೆ ಇದನ್ನು ನಿಭಾಯಿಸುವುದು ಗೊತ್ತು. ಚಳಿಗಾಲದ ಭಾನುವಾರ ಬಿಸಿಲು ಬೇಕೆನಿಸಿದರೆ ಗಾಡಿ ಹತ್ತಿ ಚೊಸಿಕಾ ಕಡೆ ಹೋಗುತ್ತಾರೆ. ಅದು ಸುಮಾರು 850 ಮೀಟರ್ ಎತ್ತರದ ಊರು, ಮೋಡದ ಪದರ ದಾಟಿದರೆ ನೀಲಿ ಆಕಾಶ. ಗುಡ್ಡದ ಮೇಲಿನ ಬಡ ಬಡಾವಣೆಗಳಲ್ಲಿ ದೊಡ್ಡ ಬಲೆ ಕಟ್ಟಿ ಮಂಜಿನಿಂದ ನೀರು ಹಿಡಿಯುತ್ತಾರೆ. ಊರಿಗೆ ಕುಡಿಯುವ ನೀರು ಮುಖ್ಯವಾಗಿ ಬರುವುದು ಆಂಡಿಸ್‌ನಿಂದ ಇಳಿಯುವ ರಿಮಾಕ್ ನದಿಯಿಂದ.

ಕಡಲಿನ ಈ ತಣ್ಣೀರಿನ ಪ್ರವಾಹಕ್ಕೆ ಹಂಬೋಲ್ಟ್ ಹೆಸರಿದೆ. ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ 1802ರಲ್ಲಿ ಇಲ್ಲಿನ ನೀರಿನ ಉಷ್ಣಾಂಶ ಅಳೆದ. ಆ ಹೆಸರು ಅವನಿಗೇ ಸರಿ ಅನ್ನಿಸಲಿಲ್ಲ. ಅಲ್ಲಿನ ಮೀನುಗಾರರಿಗೆ ಇದು ಮೊದಲಿನಿಂದಲೂ ಗೊತ್ತಿತ್ತು, ತಾನು ಅಳೆದದ್ದಷ್ಟೇ ಎಂದು ಅವನ ವಾದ. ಅದೇ ವರ್ಷ ನವೆಂಬರ್ 9ರಂದು ಅವನು ಲಿಮಾದ ಬಂದರು ಕಯಾವೊದಿಂದ ಬುಧ ಗ್ರಹ ಸೂರ್ಯನ ಮುಂದೆ ಹಾದುಹೋಗುವುದನ್ನೂ ನೋಡಿದ. ಅಂಥ ಮೋಡದ ಊರಲ್ಲಿ ಅದು ಕಂಡದ್ದೇ ಅದೃಷ್ಟ.

ಇದೇ ಅಕ್ಷಾಂಶದಲ್ಲಿ ಖಂಡದ ಇನ್ನೊಂದು ದಂಡೆಗೆ ಹೋದರೆ ಬ್ರೆಜಿಲ್‌ನ ಸಾಲ್ವಡಾರ್ ಸಿಗುತ್ತದೆ. 1763ರವರೆಗೆ ಅದೂ ರಾಜಧಾನಿಯೇ. ಅಲ್ಲಿ ಕಡಲು ಬೆಚ್ಚಗೆ, ಮಳೆ ವರ್ಷಕ್ಕೆ 2,000 ಮಿ.ಮೀ. ಆಸುಪಾಸು.

ದಕ್ಷಿಣಕ್ಕೆ ಇಳಿದರೂ ಇದೇ ಕತೆ. ಸ್ಯಾಂಟಿಯಾಗೊ ಮತ್ತು ಅರ್ಜೆಂಟೀನಾದ ಬ್ಯೂನಸ್ ಐರಿಸ್ ಹತ್ತಿರಹತ್ತಿರ ಒಂದೇ ಅಕ್ಷಾಂಶದಲ್ಲಿವೆ. ನಡುವೆ ಸುಮಾರು 1,100 ಕಿ.ಮೀ. ದೂರ, ಆಂಡಿಸ್ ಗೋಡೆ. ಸ್ಯಾಂಟಿಯಾಗೊಗೆ ಮಳೆ ತರುವುದು ಚಳಿಗಾಲದಲ್ಲಿ ಪೆಸಿಫಿಕ್‌ನಿಂದ ಬರುವ ಮಾರುತ. ಬೇಸಿಗೆ ಪೂರ್ತಿ ಒಣ. ವಾಡಿಕೆ ಮಳೆ 300 ಮಿ.ಮೀ. ಆಸುಪಾಸು. 2010ರಿಂದೀಚೆಗೆ ವರ್ಷಗಟ್ಟಲೆ ಅದೂ ಕೈಕೊಟ್ಟಿತು. ಬ್ಯೂನಸ್ ಐರಿಸ್‌ಗೆ ಅಟ್ಲಾಂಟಿಕ್ ತೇವವೂ ಸಿಗುತ್ತದೆ, ಅಮೆಜಾನ್ ಕಡೆಯಿಂದ ಆಂಡಿಸ್ ಬದಿಯಲ್ಲೇ ಇಳಿದು ಬರುವ ತೇವವೂ ಸಿಗುತ್ತದೆ. ವರ್ಷವಿಡೀ ಮಳೆ, ಒಟ್ಟು ಸುಮಾರು 1,200 ಮಿ.ಮೀ. ಹಿಮ ಮಾತ್ರ ತೀರಾ ಅಪರೂಪ. 2007ರ ಜುಲೈ 9ರಂದು, ದೇಶದ ಸ್ವಾತಂತ್ರ್ಯ ದಿನದಂದೇ, ಹಿಮ ಬಿದ್ದಾಗ ಜನ ಬೀದಿಗೆ ಬಂದು ಕುಣಿದರು. ಅದಕ್ಕೂ ಹಿಂದೆ ಅಂಥ ಹಿಮ ಬಿದ್ದದ್ದು 1918ರಲ್ಲಿ.

ನದಿಯ ಆಚೆ ದಡದಲ್ಲಿರುವ ಉರುಗ್ವೆಯ ರಾಜಧಾನಿ ಮಾಂಟೆವಿಡಿಯೊದ್ದೂ ಹತ್ತಿರಹತ್ತಿರ ಇದೇ ಹವೆ, ಗಾಳಿ ಸ್ವಲ್ಪ ಜಾಸ್ತಿ. ಪರಾಗ್ವೆಯ ಅಸುನ್ಸಿಯಾನ್‌ನಲ್ಲಿ ಬೇಸಿಗೆ 40 ಡಿಗ್ರಿ ಮುಟ್ಟುತ್ತದೆ. ಅಲ್ಲಿನವರು ಯೆರ್ಬಾ ಮಾತೆ ಎಂಬ, ಚಹಾದ ಥರ ಕುಡಿಯುವ ಎಲೆಯನ್ನು ಬಿಸಿನೀರಿನ ಬದಲು ತಣ್ಣೀರಿನಲ್ಲಿ ನೆನೆಸಿ ಕುಡಿಯುತ್ತಾರೆ. ಉತ್ತರದಲ್ಲಿ ಗಯಾನಾದ ಜಾರ್ಜ್‌ಟೌನ್, ಸುರಿನಾಮ್‌ನ ಪ್ಯಾರಾಮರಿಬೊಗಳಲ್ಲಿ ಯಾವ ತಿಂಗಳು ಹೋದರೂ 27 ಡಿಗ್ರಿ, ಜೊತೆಗೆ ಮಳೆ.

ಬೊಲಿವಿಯಾಕ್ಕೆ ಸಂವಿಧಾನದ ಪ್ರಕಾರ ಸುಕ್ರೆ ರಾಜಧಾನಿ, ಸರ್ಕಾರ ನಡೆಯುವುದು ಲಾ ಪಾಜ್‌ನಲ್ಲಿ. ಲಾ ಪಾಜ್‌ಗೆ ಒಂದೇ ಹವಾಮಾನ ಅಂತ ಹೇಳುವುದೇ ಕಷ್ಟ. ಊರು ಒಂದು ದೊಡ್ಡ ಕಣಿವೆಯೊಳಗೆ ಹರಡಿದೆ. ಅಂಚಿನ ಎಲ್ ಆಲ್ಟೊ 4,000 ಮೀಟರಿಗೂ ಮೇಲೆ, ತಳದ ದಕ್ಷಿಣ ಬಡಾವಣೆಗಳು 3,200 ಮೀಟರ್ ಸುಮಾರಿಗೆ. ಕೆಳಗಿಳಿದಷ್ಟೂ ಬೆಚ್ಚಗೆ, ಉಸಿರಾಟವೂ ಹಗುರ. ಹಾಗಾಗಿ ನಮ್ಮ ಅನೇಕ ಊರುಗಳಿಗೆ ತದ್ವಿರುದ್ಧವಾಗಿ ಉಳ್ಳವರು ತಗ್ಗಿನಲ್ಲಿ, ಬಡವರು ದಿಣ್ಣೆಯ ಮೇಲೆ. ನಡು ಊರಿನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಬೇಳೆ ಬೇಯಿಸಲು ಕುಕ್ಕರ್ ಬೇಕೇ ಬೇಕು.

ಬೆಂಗಳೂರಿನವರಿಗೆ ಒಗ್ಗುವ ಊರು ಯಾವುದು? ನನ್ನ ಓಟು ವೆನೆಜುವೆಲಾದ ಕರಾಕಸ್‌ಗೆ. ಎತ್ತರ ಬೆಂಗಳೂರಿನಷ್ಟೇ, ಸುಮಾರು 900 ಮೀಟರ್. ಮೇ ತಿಂಗಳಿಂದ ನವೆಂಬರ್‌ವರೆಗೆ ಮಳೆ. ಬ್ರೆಜಿಲ್‌ನ ಬ್ರಸೀಲಿಯಾ ಕೂಡ ಎತ್ತರದ ಬಯಲಿನ ಊರೇ. ಆದರೆ ಅಲ್ಲಿನ ಒಣಹವೆ ತಡೆಯುವುದು ಕಷ್ಟ, ಗಾಳಿಯ ತೇವಾಂಶ ಶೇ 20ಕ್ಕಿಂತ ಕೆಳಗಿಳಿಯುತ್ತದೆ. 2024ರಲ್ಲಿ 160 ದಿನಕ್ಕೂ ಜಾಸ್ತಿ ಒಂದು ಹನಿಯೂ ಬೀಳಲಿಲ್ಲ. ಆ ಒಣ ದಿನಗಳಲ್ಲೇ ಅಲ್ಲಿ ಹಳದಿ ತಬೂಬಿಯಾ ಎಲೆ ಉದುರಿಸಿ ಮೈತುಂಬ ಹೂ ಬಿಡುತ್ತದೆ. ಬೆಂಗಳೂರಿನ ರಸ್ತೆಬದಿಯಲ್ಲಿ ಫೆಬ್ರುವರಿ, ಮಾರ್ಚ್‌ನಲ್ಲಿ ಅರಳುವ ಹಳದಿ ತಬೂಬಿಯಾದ ತವರು ದಕ್ಷಿಣ ಅಮೆರಿಕವೇ.

ಕೊಲಂಬಿಯಾದ ಬೊಗೊಟಾ 2,640 ಮೀಟರ್ ಎತ್ತರದಲ್ಲಿದೆ. ಉಷ್ಣಾಂಶದಲ್ಲಿ ಕ್ವಿಟೊದ ಜೋಡಿ. ವರ್ಷಕ್ಕೆ ಎರಡು ಮಳೆಗಾಲ. ನೀರಿಗೆ ಬರವೇ ಇಲ್ಲ ಎನ್ನಬಹುದಾದ ಊರು. ಆದರೆ ಅದು ಕುಡಿಯುವ ನೀರಿನ ದೊಡ್ಡ ಪಾಲು ಪೂರ್ವದ ಚಿಂಗಾಸಾ ಬೆಟ್ಟಗಳ ಜಲಾಶಯಗಳದ್ದು. ಆ ಬೆಟ್ಟಗಳಿಗೆ ತೇವ ಬರುವುದು ಅಮೆಜಾನ್ ಕಡೆಯಿಂದ. 2023–24ರ ಎಲ್ ನಿನೋ ಹೊತ್ತಿಗೆ ಅಲ್ಲಿ ಮಳೆ ಕೈಕೊಟ್ಟಿತು, ಜಲಾಶಯ ತಳ ಕಂಡಿತು. 2024ರ ಏಪ್ರಿಲ್‌ನಲ್ಲಿ ಬಡಾವಣೆಗಳಿಗೆ ಸರದಿಯಂತೆ ನೀರು ನಿಲ್ಲಿಸತೊಡಗಿದರು. ಬೆಂಗಳೂರಿನಲ್ಲಿ ಬೋರ್‌ವೆಲ್ ಬತ್ತಿ ಜನ ಟ್ಯಾಂಕರ್‌ಗೆ ಕಾಯುತ್ತಿದ್ದ ಬೇಸಿಗೆಯೂ ಅದೇ. ಬೊಗೊಟಾದ ಆ ಸರದಿ ಮುಗಿದದ್ದು 2025ರ ಏಪ್ರಿಲ್‌ನಲ್ಲಿ.