ಪದ ಪರಿಚಯ: ಇಂಪಿಡೆನ್ಸ್

ಕಳೆದ ಬೇಸಿಗೆಯಲ್ಲಿ ಅಕ್ಕನ ಮಗನ ಕಾರಿನಲ್ಲಿ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುತ್ತಿದ್ದೆ. ಹೊಸದಾಗಿ ಎರಡು ಸಬ್‌ವೂಫರ್, ಅಂದರೆ ಬೇಸ್ (ತಗ್ಗು ಸ್ವರ) ಮಾತ್ರ ಕೇಳಿಸುವ ದೊಡ್ಡ ಸ್ಪೀಕರ್, ಹಾಕಿಸಿದ್ದ. ಸಣ್ಣ ವಾಲ್ಯೂಮಿನಲ್ಲಿ ಚೆನ್ನಾಗಿಯೇ ಕೇಳುತ್ತಿತ್ತು. ಸ್ವಲ್ಪ ಏರಿಸಿದ್ದೇ ತಡ, ಹಿಂದಿನ ಬೇಸ್ ಪಕ್ಕನೆ ನಿಂತಿತು. ಡಿಕ್ಕಿ ತೆಗೆದು ನೋಡಿದರೆ ಸ್ಪೀಕರಿಗೆ ಪವರ್ ಕೊಡುವ ಆಂಪ್ಲಿಫೈಯರಿನಲ್ಲಿ (ಆಂಪ್) ‘ಪ್ರೊಟೆಕ್ಟ್’ ಎಂಬ ಕೆಂಪು ದೀಪ. ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಹತ್ತು ನಿಮಿಷ ಬಿಟ್ಟರೆ ತಾನಾಗಿಯೇ ಸರಿಯಾಯಿತು. ಮತ್ತೆ ಏರಿಸಿದೆವು, ಮತ್ತೆ ನಿಂತಿತು. ಆಂಪ್ ಹಾಳಾಗಿರಲಿಲ್ಲ, ಸಬ್‌ವೂಫರೂ ಹಾಳಾಗಿರಲಿಲ್ಲ. ಎರಡರ ನಡುವೆ ವಯರ್ ಸೇರಿಸಿದ ರೀತಿ ತಪ್ಪಿತ್ತು. ಅದನ್ನು ತಿಳಿಯಬೇಕಾದರೆ ಇಂಪಿಡೆನ್ಸ್ ಅಂದರೆ ಎಂತ ಅಂತ ಗೊತ್ತಿರಬೇಕು.

ಕರೆಂಟ್ ಹರಿಯುವಾಗ ಅದಕ್ಕೆ ಎದುರಾಗುವ ಒಟ್ಟು ತಡೆಯೇ ಇಂಪಿಡೆನ್ಸ್. ಅಳೆಯುವುದು ಓಮ್‌ನಲ್ಲಿ. 1827ರಲ್ಲಿ ಕರೆಂಟ್, ವೋಲ್ಟೇಜ್, ತಡೆ ಈ ಮೂರರ ಲೆಕ್ಕ ಪ್ರಕಟಿಸಿದ ಜರ್ಮನಿಯ ಗೇಯಾರ್ಗ್ ಓಮ್ ಅವರ ಹೆಸರು ಅದು. ಶಾಲೆಯಲ್ಲಿ ಓದಿದ ರೋಧವೂ ತಡೆಯೇ, ಅದಕ್ಕೂ ಓಮೇ ಲೆಕ್ಕ. ಹಾಗಾದರೆ ಇನ್ನೊಂದು ಪದ ಯಾಕೆ? ಸ್ಪೀಕರಿಗೆ ಹೋಗುವ ಕರೆಂಟ್ ಬ್ಯಾಟರಿಯ ಹಾಗೆ ಒಂದೇ ದಿಕ್ಕಿನದ್ದಲ್ಲ, ಸೆಕೆಂಡಿಗೆ ಹತ್ತಾರು, ನೂರಾರು ಸಲ ಹಿಂದೆ ಮುಂದೆ ಓಡುವಂಥದ್ದು. ಸ್ಪೀಕರಿನ ಒಳಗಿರುವ ವಾಯ್ಸ್ ಕಾಯಿಲ್ ತಾಮ್ರದ ತಂತಿಯ ಸುರುಳಿ. ಅದು ಅಯಸ್ಕಾಂತದ ನಡುವೆ ಆಡುವಾಗ ತಾನೇ ಎದುರು ವೋಲ್ಟೇಜ್ ಹುಟ್ಟಿಸುತ್ತದೆ. ತಂತಿಯ ರೋಧದ ಜೊತೆ ಈ ಹೆಚ್ಚಿನ ತಡೆಯೂ ಸೇರಿದ್ದಕ್ಕೆ ಇಂಪಿಡೆನ್ಸ್ ಅನ್ನುತ್ತಾರೆ. 1886ರಲ್ಲಿ ಈ ಪದ ಹುಟ್ಟಿಸಿದವರು ಇಂಗ್ಲೆಂಡಿನ ಆಲಿವರ್ ಹೆವಿಸೈಡ್. ಸ್ಪೀಕರಿನ ಹಿಂದೆ ಬರೆದ 4 ಓಮ್ ಒಂದು ಗುರುತಿನ ಅಂಕಿ ಮಾತ್ರ. ಸ್ವರ ಬದಲಾದ ಹಾಗೆ ನಿಜವಾದ ತಡೆ ಏರಿ ಇಳಿಯುತ್ತಲೇ ಇರುತ್ತದೆ.

ನಮ್ಮ ಕಡೆ ಅಡಿಕೆ ತೋಟ ಇದ್ದವರಿಗೆ ಉಳಿದದ್ದನ್ನು ಹೇಳುವುದು ಸುಲಭ. ತೋಟಕ್ಕೆ ಸ್ಪ್ರಿಂಕ್ಲರ್ ಬಿಡುವಾಗ ಒಂದು ಲೈನಿನ ಗೇಟ್‌ವಾಲ್ವ್ ಮಾತ್ರ ತೆಗೆದರೆ ನೀರಿಗೆ ತಡೆ ಜಾಸ್ತಿ, ಮೋಟರಿಗೆ ಲೋಡ್ ಕಡಿಮೆ. ನಾಲ್ಕೂ ಒಟ್ಟಿಗೆ ತೆಗೆದರೆ ನೀರು ಧಾರಾಳ ಹರಿಯುತ್ತದೆ, ಮೋಟರಿನ ಆಂಪಿಯರ್ ಏರುತ್ತದೆ. ತಾಳಿಕೊಳ್ಳಲಾಗದಿದ್ದರೆ ಸ್ಟಾರ್ಟರಿನ ಓವರ್‌ಲೋಡ್ ಟ್ರಿಪ್ ಆಗುತ್ತದೆ. ಡಿಕ್ಕಿಯಲ್ಲಿ ಕಂಡ ಕೆಂಪು ದೀಪವೂ ಅದೇ ಕೆಲಸ ಮಾಡಿದ್ದು. ಓಮ್ ಇಳಿದಷ್ಟು ಗೇಟ್ ದೊಡ್ಡದಾಗಿ ತೆರೆದ ಹಾಗೆ, ಆಂಪಿನ ಮೇಲೆ ಲೋಡ್ ಅಷ್ಟು ಜಾಸ್ತಿ.

ಲೆಕ್ಕ ಹಾಕಿ ನೋಡಿ. ಆಂಪ್ 20 ವೋಲ್ಟ್ ಕೊಡುತ್ತದೆ ಅಂತಿಟ್ಟುಕೊಳ್ಳಿ. 4 ಓಮ್ ಇದ್ದರೆ 5 ಆಂಪಿಯರ್ ಹರಿಯುತ್ತದೆ, 100 ವಾಟ್. 2 ಓಮ್ ಆದರೆ 10 ಆಂಪಿಯರ್, 200 ವಾಟ್. 1 ಓಮ್ ಆದರೆ 20 ಆಂಪಿಯರ್, 400 ವಾಟ್. ‘ಓಮ್ ಇಳಿಸಿದರೆ ಪವರ್ ಜಾಸ್ತಿ’ ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದ. ಮಾತು ಸುಳ್ಳಲ್ಲ. ಆದರೆ ಆ 20 ಆಂಪಿಯರ್ ಕೊಡುವ ತಾಕತ್ತು ಆಂಪಿಗೆ ಇದ್ದರೆ ಮಾತ್ರ. ಒಂದೇ ಚಾನೆಲಿನ (ಮೋನೋ) ಕೆಲವು ಆಂಪ್‌ಗಳು 1 ಓಮ್ ತಾಳುತ್ತವೆ, ಕೆಲವು 2 ಓಮ್‌ಗಿಂತ ಕೆಳಗೆ ಇಳಿಯುವಂತಿಲ್ಲ. ಆಂಪಿನ ಎರಡು ಚಾನೆಲ್ ಸೇರಿಸಿ ಒಂದೇ ಸ್ಪೀಕರಿಗೆ ಕೊಟ್ಟರೆ, ಅಂದರೆ ಬ್ರಿಡ್ಜ್ ಮಾಡಿದರೆ, ಒಂದೊಂದು ಚಾನೆಲಿಗೂ ಸ್ಪೀಕರಿನ ಓಮಿನ ಅರ್ಧದಷ್ಟೇ ಹಾಕಿದ ಲೆಕ್ಕ ಆಗುತ್ತದೆ. 4 ಓಮ್ ಸ್ಪೀಕರ್ ಹಾಕಿದರೂ ಒಂದೊಂದು ಚಾನೆಲಿಗೆ ಕಾಣುವುದು 2. ಅದಕ್ಕೇ ಬ್ರಿಡ್ಜ್‌ಗೆ ಹೆಚ್ಚಿನ ಆಂಪ್‌ಗಳಲ್ಲಿ ಕನಿಷ್ಠ 4 ಓಮ್ ಅಂತ ಬರೆದಿರುತ್ತದೆ.

‘ಇಂಪಿಡೆನ್ಸ್ ಮ್ಯಾಚ್ ಮಾಡುವುದು’ ಅಂತ ಎಲ್ಲರೂ ಹೇಳುತ್ತಾರೆ. ಎರಡು ಅಂಕಿ ಸಮ ಮಾಡುವುದು ಅಂತ ತಿಳಿಯಬೇಡಿ. ಆಂಪಿನಲ್ಲಿ ಬರೆದ ಕನಿಷ್ಠ ಓಮ್‌ಗಿಂತ ಸಬ್‌ವೂಫರಿನ ಒಟ್ಟು ಓಮ್ ಕೆಳಗೆ ಹೋಗಬಾರದು, ಅಷ್ಟೇ. ಮೇಲೆ ಇದ್ದರೆ ಪವರ್ ಸ್ವಲ್ಪ ಕಡಿಮೆಯಾಗುತ್ತದೆ, ಕಾರಿನ ಆಂಪಿಗೆ ಎಂತದ್ದೂ ಆಗುವುದಿಲ್ಲ.

ಈ ಒಟ್ಟು ಓಮ್ ನಿಂತಿರುವುದು ವಯರಿಂಗಿನ ಮೇಲೆ. ಸೀರೀಸ್ ಅಂದರೆ ಒಂದರ ಹಿಂದೆ ಒಂದು: ಒಂದು ಕಾಯಿಲಿನ ಮೈನಸ್ ಇನ್ನೊಂದರ ಪ್ಲಸ್ಸಿಗೆ. ಓಮ್ ಕೂಡುತ್ತಾ ಹೋಗುತ್ತದೆ, 4ಕ್ಕೆ 4 ಸೇರಿದರೆ 8. ಪ್ಯಾರಲಲ್ ಅಂದರೆ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್. ಒಂದೇ ಓಮಿನ ಕಾಯಿಲ್ ಆದರೆ ಎಷ್ಟು ಕಾಯಿಲ್ ಇದೆಯೋ ಅಷ್ಟರಿಂದ ಭಾಗಿಸಿದರೆ ಆಯಿತು. 4 ಓಮಿನ ಎರಡಕ್ಕೆ 2, ಮೂರಕ್ಕೆ 1.33, ನಾಲ್ಕಕ್ಕೆ 1.

ಅಕ್ಕನ ಮಗನ ಸಬ್‌ವೂಫರ್‌ಗಳು ಡ್ಯುಯಲ್ ವಾಯ್ಸ್ ಕಾಯಿಲಿನವು. ಒಂದೊಂದರಲ್ಲಿ 4 ಓಮಿನ ಎರಡು ಕಾಯಿಲ್, ಒಟ್ಟು ನಾಲ್ಕು. ಹಾಕಿಕೊಟ್ಟವರು ನಾಲ್ಕನ್ನೂ ಪ್ಯಾರಲಲ್ ಮಾಡಿದ್ದರು. ಆಂಪಿನ ಬದಿಯಲ್ಲಿ ‘ಕನಿಷ್ಠ 2 ಓಮ್’ ಅಂತ ಸಣ್ಣ ಅಕ್ಷರದಲ್ಲಿ ಇತ್ತು. ನಾನು ಮನೆಯಲ್ಲಿ ಆಂಪಿನಿಂದ ವಯರ್ ಬಿಚ್ಚಿ, ಮಲ್ಟಿಮೀಟರಿನ ಎರಡು ತುದಿ ಒಂದಕ್ಕೊಂದು ತಾಗಿಸಿ ನೋಡಿದೆ: 0.2. ಅದು ಮೀಟರಿನ ವಯರಿನದ್ದೇ ಓಮ್, ಕಳೆಯಬೇಕಾದದ್ದು. ಆಮೇಲೆ ಸಬ್‌ವೂಫರಿನ ವಯರಿಗೆ ಇಟ್ಟೆ: 1.1. ಕಳೆದರೆ 0.9. 4 ಓಮಿನ ಕಾಯಿಲ್ ಮೀಟರಿನಲ್ಲಿ ಯಾವಾಗಲೂ ಮೂರೂವರೆ ಆಸುಪಾಸು ತೋರಿಸುತ್ತದೆ, ಮೀಟರ್ ಅಳೆಯುವುದು ಬರೀ ತಂತಿಯ ರೋಧ. ಹಾಗಾಗಿ 0.9 ಅಂದರೆ 1 ಓಮ್ ಲೋಡ್ ಅಂತಲೇ ಅರ್ಥ.

2 ಓಮ್ ಮಾಡೋಣ ಅಂದರೆ ಈ ನಾಲ್ಕು ಕಾಯಿಲನ್ನೂ ಸಮವಾಗಿ ದುಡಿಸಿ 2 ಬರುವ ದಾರಿಯೇ ಇಲ್ಲ. ಬರುವುದು 1, 4 ಅಥವಾ 16. ಕೊಳ್ಳುವ ಮೊದಲೇ ಈ ಲೆಕ್ಕ ಹಾಕಬೇಕಿತ್ತು. 2 ಓಮಿನ ಡ್ಯುಯಲ್ ಕಾಯಿಲಿನವು ಎರಡು ತಂದಿದ್ದರೆ, ಒಂದೊಂದರ ಕಾಯಿಲನ್ನು ಸೀರೀಸ್ ಮಾಡಿ ಆಮೇಲೆ ಎರಡನ್ನೂ ಪ್ಯಾರಲಲ್ ಮಾಡಿದರೆ ಸರಿಯಾಗಿ 2 ಸಿಗುತ್ತಿತ್ತು. ನಾವು 4ಕ್ಕೆ ಒಪ್ಪಿಕೊಂಡೆವು. ಒಂದೊಂದು ಸಬ್‌ವೂಫರಿನ ಕಾಯಿಲ್ ಸೀರೀಸ್, 8 ಮತ್ತು 8. ಎರಡನ್ನೂ ಪ್ಯಾರಲಲ್ ಮಾಡಿದರೆ 4. ಮೀಟರ್ 3.6 ತೋರಿಸಿತು. ಆ ದಿನದಿಂದ ಕೆಂಪು ದೀಪ ಬರಲಿಲ್ಲ. ಸದ್ದು ಕಮ್ಮಿಯಾಗುತ್ತದೆ ಅಂತ ಹುಡುಗ ಹೆದರಿದ್ದ. ನಿಂತು ನಿಂತು ಬರುವ ಬೇಸ್‌ಗಿಂತ ನಿಲ್ಲದೆ ಬರುವ ಬೇಸ್ ಅವನಿಗೂ ಇಷ್ಟವಾಯಿತು.

ವಯರ್ ಬದಲಿಸುವಾಗ ಒಂದು ವಿಷಯ ಮಾತ್ರ ಮರೆಯಬೇಡಿ. ಒಂದು ಸಬ್‌ವೂಫರಿನ ಪ್ಲಸ್ ಮೈನಸ್ ಅದಲು ಬದಲಾದರೆ ಓಮ್ ಸರಿಯಾಗಿಯೇ ಇರುತ್ತದೆ, ಮೀಟರಿಗೆ ತಪ್ಪು ಗೊತ್ತಾಗುವುದಿಲ್ಲ. ಒಂದರ ಕೋನ್ (ಸ್ಪೀಕರಿನ ಮುಂದೆ ಆಡುವ ಬಟ್ಟಲಿನಂಥ ಭಾಗ) ಹೊರಗೆ ಬರುವಾಗ ಇನ್ನೊಂದು ಒಳಗೆ ಹೋಗುತ್ತದೆ, ಬೇಸ್ ಮಾಯ. ಪರೀಕ್ಷೆ ಮಾಡಲು ಗೋಡೆ ಗಡಿಯಾರದ 1.5 ವೋಲ್ಟಿನ ಸೆಲ್ ಸಾಕು. ಆಂಪಿನಿಂದ ವಯರ್ ಬಿಚ್ಚಿ ಸೆಲ್‌ಗೆ ಒಂದು ಕ್ಷಣ ಮುಟ್ಟಿಸಿ. ಎರಡು ಕೋನೂ ಒಟ್ಟಿಗೆ ಒಂದೇ ಕಡೆಗೆ ಹಂದಿದರೆ ಜೋಡಣೆ ಸರಿ ಇದೆ. ಹೊರಗೆ ಬಂದರೆ, ಸೆಲ್‌ನ ಪ್ಲಸ್ಸಿಗೆ ತಾಗಿದ ವಯರೇ ಪ್ಲಸ್.