ಲೂಪರ್ ಇಟ್ಟುಕೊಂಡು ಒಬ್ಬರೇ ಬ್ಲೂಗ್ರಾಸ್ ನುಡಿಸುವವರಿಗೆ

ನುಡಿಸಿದ್ದನ್ನು ರೆಕಾರ್ಡ್ ಮಾಡಿ ಮತ್ತೆ ಮತ್ತೆ ಕೇಳಿಸುವ ಲೂಪರ್ ಪೆಡಲ್ ಕೊಂಡ ಹೊಸತರಲ್ಲಿ ಹೆಚ್ಚಿನವರು ಮಾಡುವುದು ಒಂದೇ. ಜಿ ಕಾರ್ಡ್ ಹಿಡಿದು ಎರಡು ಬಾರ್ (ನಾಲ್ಕು ಬೀಟ್ ಸೇರಿದರೆ ಒಂದು ಬಾರ್) ಸ್ಟ್ರಮ್ ಮಾಡುತ್ತಾರೆ, ಪೆಡಲ್ ಒತ್ತುತ್ತಾರೆ, ಅದರ ಮೇಲೆ ಅರ್ಧ ಗಂಟೆ ಮನಸ್ಸಿಗೆ ಬಂದದ್ದನ್ನು ನುಡಿಸುತ್ತಾರೆ. ಖುಷಿಯಾಗುತ್ತದೆ, ತಪ್ಪೇನಿಲ್ಲ. ಆದರೆ ತಿಂಗಳುಗಟ್ಟಲೆ ಹೀಗೆ ಮಾಡಿದರೂ ಒಂದು ಟ್ಯೂನ್ ಮೊದಲಿಂದ ಕೊನೆಯವರೆಗೆ ಬರುವುದಿಲ್ಲ. ಆಮೇಲೆ ನನ್ನ ಹತ್ತಿರ ಬಂದು ಸೋಲೋ ಬಗ್ಗೆ ಕೇಳುತ್ತಾರೆ: ಕೈ ಯಾಕೆ ಓಡುತ್ತಿಲ್ಲ, ಯಾವ ಸ್ಕೇಲ್ ಕಲಿಯಬೇಕು, ಪಿಕ್ ಬದಲಾಯಿಸಬೇಕಾ? ನಾನು ಮೊದಲು ಕೇಳಿಸಿಕೊಳ್ಳುವುದು ಅವರ ಲೂಪನ್ನು. ತೊಂದರೆ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಅಮೆರಿಕದ ಜನಪದ ಬೇರಿನ ಬ್ಲೂಗ್ರಾಸ್ ಸಂಗೀತದಲ್ಲಿ ಗಿಟಾರ್ ಶುರುವಾಗಿದ್ದೇ ತಾಳದ ವಾದ್ಯವಾಗಿ. ಮ್ಯಾಂಡೊಲಿನ್ ವಾದಕ ಬಿಲ್ ಮನ್ರೋ ತಂಡಕ್ಕೆ 1945ರ ಕೊನೆಯಲ್ಲಿ ಅರ್ಲ್ ಸ್ಕ್ರಗ್ಸ್ ಬ್ಯಾಂಜೋ ಹಿಡಿದು ಬಂದಾಗ ಈ ಸಂಗೀತದ ಸದ್ದು ಒಂದು ರೂಪಕ್ಕೆ ಬಂತು. ಮೆಲೊಡಿ ಮ್ಯಾಂಡೊಲಿನ್, ಬ್ಯಾಂಜೋ, ಫಿಡಲ್ ಪಾಲಿಗೆ. ಅದೇ ತಂಡದ ಲೆಸ್ಟರ್ ಫ್ಲ್ಯಾಟ್ ಕೈಯಲ್ಲಿದ್ದ ಗಿಟಾರ್ ಹಾಡಿನ ಹಿಂದೆ ತಾಳ ಹಿಡಿಯುತ್ತಿತ್ತು, ಸಾಲು ಮುಗಿದಾಗ ದಪ್ಪ ತಂತಿಗಳಲ್ಲಿ ಒಂದು ಸಣ್ಣ ಓಟ ಸೇರಿಸುತ್ತಿತ್ತು. ಅದನ್ನೇ ಈಗಲೂ ಜಿ-ರನ್ ಅನ್ನುತ್ತಾರೆ. ಗಿಟಾರ್ ಮೆಲೊಡಿ ನುಡಿಸಲು ಮುಂದೆ ಬಂದದ್ದು ಆಮೇಲೆ. ನಾರ್ತ್ ಕೆರೊಲಿನಾದ ಡಾಕ್ ವಾಟ್ಸನ್ 1950ರ ದಶಕದಲ್ಲಿ ಒಂದು ಡಾನ್ಸ್ ಬ್ಯಾಂಡ್‌ನಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದರು. ಸ್ಕ್ವೇರ್ ಡಾನ್ಸ್‌ಗೆ ಫಿಡಲ್ ಟ್ಯೂನ್‌ಗಳು ಬೇಕು, ಬ್ಯಾಂಡ್‌ನಲ್ಲಿ ಫಿಡಲ್ ನುಡಿಸುವವರೇ ಇಲ್ಲ. ಅವರು ಆ ಟ್ಯೂನ್‌ಗಳನ್ನು ಗಿಟಾರ್‌ನಲ್ಲೇ ನುಡಿಸಿದರು, ಮುಂದೆ ಅದೇ ಕೈಚಳಕವನ್ನು ಅಕೂಸ್ಟಿಕ್ ಗಿಟಾರ್‌ಗೆ ತಂದರು. 1960ರ ದಶಕದಲ್ಲಿ ಕ್ಲಾರೆನ್ಸ್ ವೈಟ್, ಅವರ ನಂತರ ಟೋನಿ ರೈಸ್ ಇದನ್ನು ಇನ್ನೂ ದೂರ ಒಯ್ದರು. ಇವರೆಲ್ಲರ ಸೋಲೋಗಳನ್ನು ಜನ ಬಾಯಿಪಾಠ ಮಾಡುತ್ತಾರೆ. ಟೋನಿ ರೈಸ್ ಬೇರೆಯವರ ಸೋಲೋ ಹಿಂದೆ ಹಿಡಿಯುತ್ತಿದ್ದ ರಿದಮ್ ಕೇಳಿ ನೋಡಿ. ನನ್ನ ಮಟ್ಟಿಗೆ ಕಲಿಯಲು ಅಲ್ಲಿ ಜಾಸ್ತಿ ಇದೆ.

ಹಾಗಾಗಿ ಲೂಪ್ ಅಂದರೆ ಸೋಲೋಗೆ ಹಾಸಿದ ಚಾಪೆ ಅಂದುಕೊಳ್ಳಬೇಡಿ. ಅಭ್ಯಾಸದ ಅರ್ಧ ಸಮಯ ಅದನ್ನು ರೆಕಾರ್ಡ್ ಮಾಡುವುದಕ್ಕೇ ಹೋಗಲಿ.

ಮೂಲ ರಿದಮ್ ಸರಳ. ನಾಲ್ಕು ಬೀಟ್‌ಗಳಲ್ಲಿ ಒಂದನೆಯದಕ್ಕೆ ಬೇಸ್ ಸ್ವರ, ಎರಡನೆಯದಕ್ಕೆ ಸ್ಟ್ರಮ್, ಮೂರನೆಯದಕ್ಕೆ ಬೇರೆ ಬೇಸ್ ಸ್ವರ, ನಾಲ್ಕನೆಯದಕ್ಕೆ ಮತ್ತೆ ಸ್ಟ್ರಮ್. ಜಿ ಕಾರ್ಡ್‌ಗೆ ಆರನೇ ತಂತಿಯ ಮೂರನೇ ಫ್ರೆಟ್, ಆಮೇಲೆ ನಾಲ್ಕನೇ ತಂತಿ ಖಾಲಿ. ಸಿ ಕಾರ್ಡ್‌ಗೆ ಐದನೇ ತಂತಿಯ ಮೂರನೇ ಫ್ರೆಟ್, ಆಮೇಲೆ ಬೆರಳು ಸರಿಸಿ ಆರನೇ ತಂತಿಯ ಮೂರನೇ ಫ್ರೆಟ್. ಡಿ ಕಾರ್ಡ್‌ಗೆ ನಾಲ್ಕನೇ ತಂತಿ ಖಾಲಿ, ಆಮೇಲೆ ಐದನೆಯದು ಖಾಲಿ. ಇಷ್ಟು ಎಲ್ಲರಿಗೂ ಗೊತ್ತು. ಎಡವುವುದು ಸದ್ದಿನ ಅಳತೆಯಲ್ಲಿ. ಬ್ಯಾಂಡ್‌ನಲ್ಲಿ ಒಂದು ಮತ್ತು ಮೂರನೇ ಬೀಟ್ ಡಬಲ್ ಬೇಸ್‌ನದು, ಎರಡು ಮತ್ತು ನಾಲ್ಕು ಮ್ಯಾಂಡೊಲಿನ್‌ನ ಚಾಪ್. ಮ್ಯಾಂಡೊಲಿನ್ ಕಾರ್ಡನ್ನು ಬಾರಿಸಿದ ಕೂಡಲೇ ಎಡಗೈ ಸಡಿಲ ಮಾಡಿ ಸದ್ದು ಕತ್ತರಿಸುತ್ತಾರೆ, ಅದೇ ಚಾಪ್. ನಿಮ್ಮ ಲೂಪ್ ಈ ಎರಡೂ ಕೆಲಸ ಮಾಡಬೇಕು. ಬೇಸ್ ಸ್ವರ ತುಂಬಿ ಕೇಳಲಿ. ಸ್ಟ್ರಮ್ ಹಗುರವಾಗಿ, ತೆಳ್ಳಗಿನ ಮೂರು ತಂತಿಗಳಿಗೆ ಸಾಕು, ಮತ್ತು ಅದು ಚುಟುಕಾಗಿ ನಿಲ್ಲಲಿ. ಆರೂ ತಂತಿ ಗುಂಯ್ ಅನ್ನುತ್ತಿದ್ದರೆ ಆಮೇಲೆ ನುಡಿಸುವ ಮೆಲೊಡಿ ಆ ಗದ್ದಲದಲ್ಲಿ ಮುಳುಗುತ್ತದೆ. ಅದೇ ಗಿಟಾರ್, ಅದೇ ಸದ್ದು, ಅದೇ ಸ್ಥಾಯಿ ಅಲ್ವಾ?

ಇನ್ನು ಜಿ-ರನ್. ಲೂಪ್‌ನಲ್ಲಿ ಪ್ರತಿ ನಾಲ್ಕು ಬಾರ್‌ಗೊಮ್ಮೆ ಅದನ್ನು ಹಾಕುವ ಚಟ ಬಿಡಿ. ಜೊತೆಗಿರುವ ಗಿಟಾರಿಸ್ಟ್ ನಿಮ್ಮ ಮೆಲೊಡಿ ಎಲ್ಲಿ ಉಸಿರು ಬಿಡುತ್ತದೆ ಅಂತ ನೋಡಿ ಅದನ್ನು ಹಾಕುತ್ತಾರೆ. ಲೂಪ್‌ಗೆ ಕಿವಿ ಇಲ್ಲ. ಇಡೀ ಟ್ಯೂನ್ ಮುಗಿಯುವ ಜಾಗದಲ್ಲಿ ಒಂದೇ ಒಂದು ಇರಲಿ, ಸುತ್ತು ಮುಗಿಯಿತು ಅಂತ ಗುರುತು ಸಿಗುತ್ತದೆ.

ಈಗ ಪೆಡಲ್ ಒತ್ತುವ ವಿಚಾರ. ಲೂಪ್ ಕೆಡುವುದು ಹೆಚ್ಚಾಗಿ ಇಲ್ಲಿ. ರೆಕಾರ್ಡಿಂಗ್ ನಿಲ್ಲಿಸಲು ಒತ್ತಬೇಕಾದದ್ದು ಕೊನೆಯ ಬೀಟ್ ಮೇಲಲ್ಲ, ಮುಂದಿನ ಸುತ್ತಿನ ಒಂದನೇ ಬೀಟ್ ಮೇಲೆ. ತುಂಬಾ ಜನ ಕೊನೆಯ ಸ್ಟ್ರಮ್ ಮುಗಿದಿದ್ದನ್ನು ಕೇಳಿ, ಆಮೇಲೆ ಕಾಲು ಇಳಿಸುತ್ತಾರೆ. ಅಷ್ಟರಲ್ಲಿ ಒಂದು ಚೂರು ಮೌನ ಸೇರಿಹೋಗಿರುತ್ತದೆ, ಪ್ರತಿ ಸುತ್ತಿನಲ್ಲೂ ಲೂಪ್ ಅಲ್ಲಿ ಕುಂಟುತ್ತದೆ. ಕಾಲು ಒತ್ತುವುದೂ ತಾಳದ ಭಾಗವೇ. ಒಂದನೇ ಬೀಟ್‌ನ ಬೇಸ್ ಸ್ವರ ಮತ್ತು ಕಾಲು ಒಟ್ಟಿಗೇ ಇಳಿಯಬೇಕು. ಪೆಡಲ್ ಆಫ್ ಮಾಡಿಕೊಂಡು ಬರೀ ಇದನ್ನೇ ಸ್ವಲ್ಪ ಹೊತ್ತು ಅಭ್ಯಾಸ ಮಾಡಿ. ಬೀಟ್‌ಗೆ ಕಾಲು ತಟ್ಟುವ ಅಭ್ಯಾಸ ಇರುವವರಿಗೆ ಮೊದಮೊದಲು ಕಷ್ಟ, ಯಾಕೆಂದರೆ ತಟ್ಟುವ ಕಾಲೇ ಪೆಡಲ್‌ಗೂ ಹೋಗಬೇಕು. ಇನ್ನೊಂದು ಕಾಲಿಗೆ ಪೆಡಲ್ ಕೊಟ್ಟರೆ ಆಯ್ತು.

ಮೊದಲ ಬೀಟ್‌ಗೇ ರೆಕಾರ್ಡ್ ಶುರು ಮಾಡಬೇಡಿ. ನಾಲ್ಕೈದು ಬಾರ್ ಸುಮ್ನೆ ನುಡಿಸಿ, ವೇಗ ಕೈಗೆ ಕೂತ ಮೇಲೆ ಒಂದು ಒಂದನೇ ಬೀಟ್‌ಗೆ ಒತ್ತಿ. ಟ್ಯೂನ್ ಮುಗಿದು ಮತ್ತೆ ಒತ್ತಿದ ಮೇಲೂ ಒಂದೆರಡು ಬಾರ್ ಕೈ ನಿಲ್ಲಿಸದೆ ನುಡಿಸುತ್ತಾ ಹೋಗಿ. ಹೀಗೆ ಮಾಡಿದರೆ ಹಿಂದಿನ ಕಾರ್ಡ್‌ನ ಉಳಿದ ಸದ್ದು ಲೂಪ್‌ನ ಶುರುವಿನಲ್ಲೇ ಇರುತ್ತದೆ, ಕೊನೆಯಲ್ಲೂ ಕೈ ಹಿಂಜರಿಯುವುದಿಲ್ಲ, ಹೊಲಿಗೆ ಕೇಳಿಸುವುದಿಲ್ಲ. ಒಂದು ಎಚ್ಚರಿಕೆ: ಕೆಲವು ಪೆಡಲ್‌ಗಳಲ್ಲಿ ಎರಡನೇ ಸಲ ಒತ್ತಿದ ಕೂಡಲೇ ಓವರ್‌ಡಬ್ ಶುರುವಾಗುತ್ತದೆ, ಆಗ ನೀವು ಮುಂದೆ ನುಡಿಸಿದ್ದೂ ಲೂಪ್ ಮೇಲೆ ಸೇರಿಬಿಡುತ್ತದೆ. ರೆಕಾರ್ಡ್ ಆದ ಮೇಲೆ ನೇರ ಪ್ಲೇಗೆ ಹೋಗುವ ಹಾಗೆ ಸೆಟ್ ಮಾಡಿಕೊಳ್ಳಿ.

ಹೊಲಿಗೆ ಸರಿಯಾಗಿದ್ದರೂ ಅಲ್ಲಿ ವೇಗ ಹಾರಿದಂತೆ ಅನಿಸುತ್ತದಾ? ಹಾಗಿದ್ದರೆ ರೆಕಾರ್ಡ್ ಮಾಡುವಾಗ ನೀವು ಓಡಿದ್ದೀರಿ. ನಿಧಾನವಾಗಿ ಶುರುಮಾಡಿ ಕೊನೆಗೆ ಬರುವಷ್ಟರಲ್ಲಿ ವೇಗ ಏರಿರುತ್ತದೆ. ಲೂಪ್ ತಿರುಗಿ ಮೊದಲಿಗೆ ಬಂದಾಗ ಒಮ್ಮೆಲೇ ಹಳೇ ವೇಗಕ್ಕೆ ಬೀಳುತ್ತದೆ. ನುಡಿಸುವಾಗ ಗೊತ್ತೇ ಆಗದ ಏರಿಕೆ ಆ ಒಂದು ಜಾಗದಲ್ಲಿ ಬಯಲಾಗುತ್ತದೆ. ಲೂಪರ್‌ನಿಂದ ಆಗುವ ಅತಿ ದೊಡ್ಡ ಉಪಕಾರ ಇದೇ ಅಂತ ನನಗನಿಸುತ್ತದೆ. ಮೆಟ್ರೋನೋಮ್ ಹಾಕಿಕೊಂಡು ರೆಕಾರ್ಡ್ ಮಾಡಿ ಈ ತೊಂದರೆ ತಪ್ಪಿಸಬಹುದು, ಆದರೆ ದಿನಕ್ಕೊಮ್ಮೆಯಾದರೂ ಅದಿಲ್ಲದೆ ಮಾಡಿ ನೋಡಿ. ಹೆಚ್ಚಿನವರು ಸುಲಭವಾದ ಜಾಗದಲ್ಲಿ ಓಡುತ್ತಾರೆ, ಕಾರ್ಡ್ ಬದಲಾಗುವ ಜಾಗದಲ್ಲಿ ಎಳೆಯುತ್ತಾರೆ. ನಿಮ್ಮದು ಯಾವ ರೋಗ ಅಂತ ಲೂಪ್ ಹೇಳುತ್ತದೆ.

ಲೂಪ್ ಎಷ್ಟು ಉದ್ದ ಇರಬೇಕು? ಇಡೀ ಟ್ಯೂನ್ ಉದ್ದ. ಫಿಡಲ್ ಟ್ಯೂನ್‌ಗಳು ಬಹುಪಾಲು ಎರಡು ಭಾಗದವು. ಎಂಟು ಬಾರ್‌ನ ಎ ಭಾಗ ಎರಡು ಸಲ, ಎಂಟು ಬಾರ್‌ನ ಬಿ ಭಾಗ ಎರಡು ಸಲ. ಒಟ್ಟು 32 ಬಾರ್, 128 ಬೀಟ್. ನಿಮಿಷಕ್ಕೆ 120 ಬೀಟ್ ವೇಗದಲ್ಲಿ 64 ಸೆಕೆಂಡ್. ಟಿಸಿ ಎಲೆಕ್ಟ್ರಾನಿಕ್‌ನ ಪುಟ್ಟ ಡಿಟ್ಟೊ ಪೆಡಲ್‌ನಲ್ಲೇ 5 ನಿಮಿಷ ರೆಕಾರ್ಡ್ ಮಾಡಬಹುದು. ಹಾಗಾಗಿ ಜಾಗ ಸಾಲದು ಅನ್ನುವ ನೆಪ ಇಲ್ಲ. ಎ ಭಾಗ ಒಂದೇ ಸಲ ರೆಕಾರ್ಡ್ ಮಾಡಿ ಅದನ್ನೇ ಸುತ್ತಿಸಿದರೆ ಎರಡನೇ ಎ ಮುಗಿದಾಗ ಬಿ ಕಡೆ ತಿರುಗುವುದು ಕೈಗೆ ಬರುವುದೇ ಇಲ್ಲ. ಜ್ಯಾಮ್‌ನಲ್ಲಿ, ಅಂದರೆ ಹಲವರು ಸೇರಿ ನುಡಿಸುವಾಗ, ಜನ ದಾರಿ ತಪ್ಪುವುದು ಆ ತಿರುವಿನಲ್ಲೇ.

ಮೊದಲ ಟ್ಯೂನ್‌ಗೆ ನಾನು ಕೊಡುವುದು ಓಲ್ಡ್ ಜೋ ಕ್ಲಾರ್ಕ್. ಇದನ್ನು ಸಾಮಾನ್ಯವಾಗಿ ಎ ಶ್ರುತಿಯಲ್ಲಿ ನುಡಿಸುತ್ತಾರೆ. ಗಿಟಾರಿಸ್ಟ್‌ಗಳು ಎರಡನೇ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಅದುಮುವ ಕ್ಲಿಪ್) ಹಾಕಿ ಜಿ ಕಾರ್ಡ್ ಆಕಾರಗಳಲ್ಲೇ ಇರುತ್ತಾರೆ. ಜಿ, ಎಫ್, ಡಿ ಮೂರು ಆಕಾರ ಸಾಕು. ಈ ಟ್ಯೂನ್‌ನ ರುಚಿ ಇರುವುದು ಏಳನೇ ಸ್ವರ ಅರ್ಧ ಮೆಟ್ಟಿಲು ಇಳಿದಿರುವುದರಲ್ಲಿ: ಜಿ ಆಕಾರದಲ್ಲಿ ಎಫ್ ಶಾರ್ಪ್ ಬದಲು ಸಾದಾ ಎಫ್. ಕೇಪೋ ಹಾಕಿದ ಮೇಲೆ ಮತ್ತೊಮ್ಮೆ ಟ್ಯೂನರ್ ನೋಡಿ. ಕೇಪೋ ತಂತಿಗಳನ್ನು ಸ್ವಲ್ಪ ಏರಿಸುತ್ತದೆ. ಲೂಪ್‌ಗೆ ಹೋದ ಅಪಶ್ರುತಿ ಮತ್ತೆ ಸರಿಯಾಗುವುದಿಲ್ಲ, ಅದರ ಮೇಲೆ ಸರಿಯಾದ ಸ್ವರ ನುಡಿಸಿದರೂ ತಪ್ಪಾಗಿಯೇ ಕೇಳುತ್ತದೆ.

ಮೆಲೊಡಿಯನ್ನು ಮೊದಲು ಬಾಯಲ್ಲಿ ಹೇಳಿ. ಹಾಡಲು ಬಾರದ್ದನ್ನು ಕೈಯಿಂದ ಹುಡುಕುತ್ತಾ ಹೋದರೆ ಟ್ಯಾಬ್ (ಯಾವ ತಂತಿ, ಯಾವ ಫ್ರೆಟ್ ಅಂತ ಬರೆದ ಹಾಳೆ) ಓದುವ ಯಂತ್ರವಾಗುತ್ತೀರಿ. ಬಾಯಿಗೆ ಬಂದ ಮೇಲೆ ಬೀಟ್‌ಗೆ ಒಂದೇ ಸ್ವರ, ಎಲ್ಲವೂ ಡೌನ್ ಸ್ಟ್ರೋಕ್, ಬರೀ ಅಸ್ಥಿಪಂಜರ. ಅದು ಲೂಪ್ ಮೇಲೆ ಚೆನ್ನಾಗಿ ಕೂತ ಮೇಲೆ ನಡುವೆ ಸ್ವರಗಳನ್ನು ತುಂಬಿ. ಬೀಟ್ ಮೇಲೆ ಬರುವ ಸ್ವರಕ್ಕೆ ಡೌನ್, ನಡುವಿನದಕ್ಕೆ ಅಪ್. ಸ್ವರ ಇಲ್ಲದ ಜಾಗದಲ್ಲೂ ಬಲಗೈ ಆಡುತ್ತಲೇ ಇರಬೇಕು, ತಂತಿಗೆ ತಾಗದಿದ್ದರೂ ಸರಿ. ಈ ನಿಯಮ ಮುರಿದರೆ ಕಡಿಮೆ ವೇಗದಲ್ಲಿ ಏನೂ ಗೊತ್ತಾಗುವುದಿಲ್ಲ. ನಿಮಿಷಕ್ಕೆ 200 ಬೀಟ್ ವೇಗದಲ್ಲಿ ಸೆಕೆಂಡಿಗೆ ಆರೇಳು ಸ್ವರ ಬೀಳಬೇಕು. ಅಲ್ಲಿ ಎಲ್ಲವೂ ಕಳಚಿಕೊಳ್ಳುತ್ತದೆ. ಪಿಕ್ ತೆಳ್ಳಗಿದ್ದರೆ ತಂತಿಗೆ ತಾಗಿ ಬಾಗಿ ತಡಮಾಡುತ್ತದೆ. ಒಂದು ಮಿಲಿಮೀಟರ್‌ಗಿಂತ ದಪ್ಪದ್ದು ತೆಗೆದುಕೊಳ್ಳಿ.

ಇನ್ನೊಂದು ವಿಷಯ ಹೊಸಬರನ್ನು ಕಾಡುತ್ತದೆ. ತುಂಬಾ ಟ್ಯೂನ್‌ಗಳು ಒಂದನೇ ಬೀಟ್‌ಗೆ ಶುರುವಾಗುವುದಿಲ್ಲ, ಅದಕ್ಕೂ ಮೊದಲು ಎರಡು ಮೂರು ಸ್ವರಗಳ ಪಿಕಪ್ ಇರುತ್ತದೆ. ಆ ಸ್ವರಗಳ ಜಾಗ ಲೂಪ್‌ನ ಕೊನೆಯ ಬಾರ್‌ನಲ್ಲಿದೆ. ಹಾಗಾಗಿ ಲೂಪ್ ಮೊದಲಿಗೆ ಬರಲಿ ಅಂತ ಕಾದರೆ ತಡವಾಗಿರುತ್ತದೆ. ಕೊನೆಯ ಬಾರ್‌ನಲ್ಲೇ ಹೊರಡಬೇಕು. ಫಿಡಲ್‌ನವರು ಟ್ಯೂನ್ ಎತ್ತುವ ಮೊದಲು ವೇಗ ತೋರಿಸಲು ಬಾರಿಸುವ ನಾಲ್ಕು ಪೊಟೇಟೋಗಳೂ ಲೂಪ್‌ನ ಹೊರಗೇ ಇರಲಿ, ಇಲ್ಲದಿದ್ದರೆ ಪ್ರತಿ ಸುತ್ತಿಗೂ ಬಂದು ಬಾಗಿಲು ತಟ್ಟುತ್ತವೆ.

ಲೂಪ್‌ನ ಸದ್ದು ನಿಮ್ಮ ಗಿಟಾರ್‌ಗಿಂತ ಸ್ಪಷ್ಟವಾಗಿ ಕಡಿಮೆ ಇರಲಿ. ಸಮ ಇದ್ದರೆ ನೀವು ಗೊತ್ತಿಲ್ಲದೆ ಜೋರಾಗಿ ಬಾರಿಸುತ್ತೀರಿ, ಜೋರಾಗಿ ಬಾರಿಸುವ ಕೈ ಬಿಗಿಯುತ್ತದೆ. ಎರಡೂ ಒಂದೇ ಬಣ್ಣದಲ್ಲಿ ಕೇಳಿದರೆ ಒಂದು ಉಪಾಯ ಇದೆ. ರಿದಮನ್ನು ಕೇಪೋ ಇಲ್ಲದೆ ಎ, ಜಿ, ಇ ಕಾರ್ಡ್‌ಗಳಲ್ಲಿ ರೆಕಾರ್ಡ್ ಮಾಡಿ. ಒಂದು ಸುತ್ತು ಅದನ್ನು ಕೇಳುತ್ತಾ ಕೇಪೋ ಹಾಕಿಕೊಳ್ಳಿ. ಆಮೇಲೆ ಮೆಲೊಡಿಯನ್ನು ಜಿ ಆಕಾರದಲ್ಲಿ ನುಡಿಸಿ. ಶ್ರುತಿ ಒಂದೇ, ತಂತಿಗಳ ನಾದ ಬೇರೆ. ಇಬ್ಬರು ನುಡಿಸುತ್ತಿರುವಂತೆ ಕೇಳುತ್ತದೆ.

ಲೂಪ್ ನಿಮ್ಮನ್ನು ಎಂದೂ ಕೈಬಿಡುವುದಿಲ್ಲ. ತೊಂದರೆಯೂ ಅದೇ. ತಪ್ಪಿದರೂ ಅದು ತನ್ನ ಪಾಡಿಗೆ ಸಾಗುತ್ತದೆ, ನೀವು ಮತ್ತೆ ಹಿಡಿದುಕೊಳ್ಳುತ್ತೀರಿ, ನಿಮ್ಮ ತಾಳ ನಿಮ್ಮದೋ ಪೆಡಲ್‌ನದೋ ಗೊತ್ತಾಗುವುದಿಲ್ಲ. ಇದಕ್ಕೆ ನಾನು ಕೊಡುವ ಔಷಧ: ರಿದಮ್ ರೆಕಾರ್ಡ್ ಮಾಡುವಾಗ ಬಿ ಭಾಗದ ನಡುವೆ ಎರಡು ಬಾರ್ ತಂತಿಗಳ ಮೇಲೆ ಅಂಗೈ ಇಟ್ಟು ಮೌನ ಬಿಡಿ, ಮನಸ್ಸಲ್ಲಿ ಎಣಿಸಿ, ಮತ್ತೆ ಸರಿಯಾದ ಬೀಟ್‌ಗೆ ಬನ್ನಿ. ಆಮೇಲೆ ಅದರ ಮೇಲೆ ಮೆಲೊಡಿ ನುಡಿಸಿ. ಆ ಎರಡು ಬಾರ್‌ನಲ್ಲಿ ನೀವೊಬ್ಬರೇ. ರಿದಮ್ ಮರಳಿದಾಗ ಜೊತೆಗಿದ್ದೀರೋ, ಮುಂದೆ ಹೋಗಿದ್ದೀರೋ ತಕ್ಷಣ ಗೊತ್ತಾಗುತ್ತದೆ. ಸುಲಭವಾದಾಗ ಮೌನವನ್ನು ನಾಲ್ಕು ಬಾರ್ ಮಾಡಿ.

ತಲೆಕೆಳಗಾಗಿಯೂ ಮಾಡಿ ನೋಡಿ: ಮೆಲೊಡಿಯನ್ನು ಲೂಪ್‌ಗೆ ಹಾಕಿ ಅದರ ಕೆಳಗೆ ರಿದಮ್ ನುಡಿಸಿ. ಬ್ಲ್ಯಾಕ್‌ಬೆರಿ ಬ್ಲಾಸಮ್ ಇದಕ್ಕೆ ಹೇಳಿಮಾಡಿಸಿದಂತಿದೆ. ಎ ಭಾಗದಲ್ಲಿ ಪ್ರತಿ ಎರಡು ಬೀಟ್‌ಗೆ ಕಾರ್ಡ್ ಬದಲಾಗುತ್ತದೆ, ಅಂದರೆ ಒಂದು ಕಾರ್ಡ್‌ಗೆ ಒಂದು ಬೇಸ್ ಸ್ವರ, ಒಂದು ಸ್ಟ್ರಮ್ ಅಷ್ಟೇ. ಬಿ ಭಾಗ ಹೆಚ್ಚಾಗಿ ಇ ಮೈನರ್‌ನಲ್ಲಿ ಕೂತಿರುತ್ತದೆ, ಅಲ್ಲಿ ಓಡದೆ ಇರುವುದೇ ಪರೀಕ್ಷೆ. ನಿಮ್ಮದೇ ಮೆಲೊಡಿಗೆ ಜೊತೆ ನೀಡುವಾಗ ಅದು ಎಲ್ಲೆಲ್ಲಿ ಎಳೆಯುತ್ತಿದೆ, ಎಲ್ಲಿ ನುಗ್ಗುತ್ತಿದೆ ಅಂತ ಸಿಟ್ಟು ಬರುವಷ್ಟು ಸ್ಪಷ್ಟವಾಗಿ ಕೇಳುತ್ತದೆ.

ಲೂಪ್‌ಗಳನ್ನು ಉಳಿಸಿಟ್ಟುಕೊಳ್ಳಬೇಡಿ. ದಿನವೂ ಹೊಸದಾಗಿ ಮಾಡಿ, ಮುಗಿದ ಮೇಲೆ ಅಳಿಸಿ.

ಕೊನೆಗೆ, ಟ್ಯೂನ್ ಮುಗಿಸುವುದನ್ನೂ ಅಭ್ಯಾಸ ಮಾಡಿ. ಲೂಪ್ ತಾನಾಗಿ ನಿಲ್ಲುವುದಿಲ್ಲವಾದ್ದರಿಂದ ಮನೆಯಲ್ಲಿ ನುಡಿಸುವವರು ಇದನ್ನು ಕಲಿಯುವುದೇ ಇಲ್ಲ. ಎಷ್ಟನೇ ಸುತ್ತಿಗೆ ನಿಲ್ಲಿಸುತ್ತೀರಿ ಅಂತ ಮೊದಲೇ ತೀರ್ಮಾನಿಸಿ. ಹೆಚ್ಚಿನ ಸಣ್ಣ ಪೆಡಲ್‌ಗಳು ಬೇಗ ಬೇಗ ಎರಡು ಸಲ ಒತ್ತಿದರೆ ನಿಲ್ಲುತ್ತವೆ. ಎರಡನೇ ಒತ್ತು ಕೊನೆಯ ಸ್ವರದ ಬೀಟ್ ಮೇಲೆ ಬೀಳುವ ಹಾಗೆ ಮೊದಲನೆಯದನ್ನು ಸ್ವಲ್ಪ ಮುಂಚೆ ಕೊಡಿ. ಲೂಪ್ ನಿಂತ ಮೇಲೆ ಕೊನೆಯ ಎರಡು ಬಾರ್‌ನ ಮುಕ್ತಾಯವನ್ನು ಒಬ್ಬರೇ, ಅದೇ ವೇಗದಲ್ಲಿ ನುಡಿಸಿ ನಿಲ್ಲಿಸಿ.