ಹಂಚು ಅಂದ್ರೆ ಮಣ್ಣೇನಾ? ಜಡವಸ್ತುವಿನ ಚರ್ಚೆ ಇಷ್ಟು ಸಿಕ್ಕು ಆದದ್ದು ಹೇಗೆ

ಉಡುಪಿಯಲ್ಲಿ ವಿಜ್ಞಾನ ಮತ್ತು ಅಧ್ಯಾತ್ಮ ಅಂತ ಉಪನ್ಯಾಸ ಇಟ್ರೆ ಎರಡು ಮಾತು ಬಂದೇ ಬರ್ತದೆ. ಒಂದು, ಅಣುವನ್ನ ಮೊದಲು ಕಂಡುಹಿಡಿದದ್ದು ಕಣಾದ ಮಹರ್ಷಿ. ಇನ್ನೊಂದು, ಕ್ವಾಂಟಮ್ ಫಿಸಿಕ್ಸ್ ಬಂದ ಮೇಲೆ ಜಗತ್ತು ಮಾಯೆ ಅನ್ನುದು ಪ್ರೂವ್ ಆಯ್ತು. ಮೊದಲನೇದರ ಪ್ರಕಾರ ವಸ್ತು ಗಟ್ಟಿ, ಒಡೆಯಲಿಕ್ಕೇ ಆಗದ ಕಣಗಳಿಂದ ಆದದ್ದು, ಎರಡನೇದರ ಪ್ರಕಾರ ವಸ್ತು ಅಂತ ನಿಜವಾಗಿ ಎಂತದ್ದೂ ಇಲ್ಲ. ಎರಡೂ ಒಟ್ಟಿಗೆ ನಿಲ್ಲುದಿಲ್ಲ, ಆದ್ರೂ ವಾಟ್ಸಾಪಲ್ಲಿ ಎರಡೂ ಒಟ್ಟಿಗೇ ಬರ್ತಾವೆ. ಕಳಿಸುವವರ ತಪ್ಪು ಅಂತ ನಾನು ಹೇಳುದಿಲ್ಲ, ಶಬ್ದಗಳೇ ಹಾಗೆ ಒಂದಕ್ಕೊಂದು ಸುತ್ತಿಕೊಂಡಿವೆ.

ಶಾಲೆಯ ಪುಸ್ತಕದಲ್ಲಿ ಮ್ಯಾಟರ್ ಅಂದ್ರೆ ದ್ರವ್ಯ, ಅದೇ ಪುಟದಲ್ಲಿ ಲಿಕ್ವಿಡ್ ಅಂದ್ರೆ ದ್ರವ, ಒಂದು ಯ-ವತ್ತು ಬಿಟ್ರೆ ಉತ್ತರವೇ ಬೇರೆ. ಅಜ್ಜಿಯಂದಿರ ಕಾಲದಲ್ಲಿ ದ್ರವ್ಯ ಅಂದ್ರೆ ದುಡ್ಡು. ಕಣಾದನ ವೈಶೇಷಿಕ ಅನ್ನುವ ದರ್ಶನದಲ್ಲಿ ದ್ರವ್ಯ ಒಂಬತ್ತು, ಮಣ್ಣು ನೀರು ಬೆಂಕಿ ಗಾಳಿ ಆಕಾಶ ಮಾತ್ರ ಅಲ್ಲ, ಕಾಲ, ದಿಕ್ಕು, ಆತ್ಮ, ಮನಸ್ಸು ಕೂಡ ದ್ರವ್ಯವೇ. ಅಂದ್ರೆ ಅವನ ದ್ರವ್ಯ ನಮ್ಮ ಫಿಸಿಕ್ಸ್ ಮೇಷ್ಟ್ರ ದ್ರವ್ಯ ಅಲ್ಲ. ಜಡ ಅನ್ನುದೂ ಹಾಗೆ. ಮನೇಲಿ ಜಡ ಹಿಡಿದವ ಅಂದ್ರೆ ಸೋಮಾರಿ, ಮಠದ ಪಾಠದಲ್ಲಿ ಜಡ ಅಂದ್ರೆ ಜ್ಞಾನ ಇಲ್ಲದ್ದು, ಫಿಸಿಕ್ಸಲ್ಲಿ ಜಡತ್ವ ಅಂದ್ರೆ ಇದ್ದ ಸ್ಥಿತಿಯಲ್ಲೇ ಇರುವ ಗುಣ. ಪರಮಾಣು ಅಂದ್ರೆ ಆಟಮ್, ಅಣು ಅಂದ್ರೆ ಮಾಲಿಕ್ಯೂಲ್ ಅಂತ ಒಂಬತ್ತನೇ ಕ್ಲಾಸಲ್ಲಿ ಕಲಿಸ್ತೇವೆ, ಮರುದಿನ ಪೇಪರಲ್ಲಿ ಅಣುಬಾಂಬ್ ಅಂತ ಬರ್ತದೆ.

ಹಳೇ ಹಂಚಿನ ಮನೆಯಲ್ಲಿ ಬೆಳೆದವರಿಗೆ ಮಾಡಿನಲ್ಲಿ ಒಂದು ಗಾಜಿನ ಹಂಚು ಇದ್ದದ್ದು ನೆನಪಿರ್ತದೆ. ಮಧ್ಯಾಹ್ನ ಅದರಿಂದ ಚಾವಡಿಗೆ ಬಿಸಿಲುಕೋಲು ಇಳಿದಾಗ ಧೂಳಿನ ಕಣಗಳು ಮಿನುಗ್ತಾ ತೇಲುದು ಕಾಣ್ತದೆ. ವೈಶೇಷಿಕರ ಇಡೀ ಲೆಕ್ಕ ಶುರುವಾಗುದೇ ಆ ಧೂಳಿಂದ. ಅದಕ್ಕೆ ಅವರು ತ್ರಸರೇಣು ಅಂದ್ರು, ಕಣ್ಣಿಗೆ ಕಾಣುವ ಅತಿ ಸಣ್ಣ ವಸ್ತು ಅದು. ಎರಡು ಪರಮಾಣು ಸೇರಿ ಒಂದು ದ್ವ್ಯಣುಕ, ಮೂರು ದ್ವ್ಯಣುಕ ಸೇರಿ ಒಂದು ತ್ರಸರೇಣು, ಹಾಗಾಗಿ ಪರಮಾಣು ಆ ಧೂಳಿನ ಆರನೇ ಒಂದು ಪಾಲು. ಈ ಲೆಕ್ಕ ಪೂರ್ತಿ ಕಣಾದನದ್ದೇ ಅಂತ ಹೇಳುದು ಸರಿಯಲ್ಲ, ಪ್ರಶಸ್ತಪಾದ ಮತ್ತು ಅವನ ನಂತರದವರು ಕೆಲವು ನೂರು ವರ್ಷ ಕೂತು ಬೆಳೆಸಿದ್ದು. ಪರಮಾಣು ಯಾಕೆ ಬೇಕು ಅನ್ನುದಕ್ಕೆ ಅವರ ವಾದ ಮಾತ್ರ ಚಂದ ಉಂಟು: ಒಡೀತಾ ಹೋದ್ರೆ ಕೊನೆಯೇ ಇಲ್ಲ ಅಂತಾದ್ರೆ ಸಾಸಿವೆಗೂ ಅನಂತ ಭಾಗ, ಮೇರು ಪರ್ವತಕ್ಕೂ ಅನಂತ ಭಾಗ, ಮತ್ತೆ ಎರಡೂ ಒಂದೇ ಗಾತ್ರ ಅನ್ನಬೇಕಾಗ್ತದೆ!

ನಂಗೆ ಇದಕ್ಕಿಂತಲೂ ಇಷ್ಟದ್ದು ಆವೆಯ ಜಗಳ, ಯಾಕಂದ್ರೆ ಮಂಗಳೂರಿನವರಿಗೆ ಅದನ್ನ ಬಿಡಿಸಿ ಹೇಳಬೇಕಾಗಿಲ್ಲ. 1860ರ ದಶಕದಲ್ಲಿ ಬಾಸೆಲ್ ಮಿಷನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನೇತ್ರಾವತಿ ದಂಡೆಯ ಮಣ್ಣು ದೂರದೂರದ ಮಾಡುಗಳ ಮೇಲೆ ಹೋಗಿ ಕೂತಿತು. ಹಸಿ ಹಂಚು ಮಂಕು ಬಣ್ಣದ್ದು, ಸುಟ್ಟ ಮೇಲೆ ಕೆಂಪು. ಒಳಗೆ ಎಂತ ಆಯ್ತು? ವೈಶೇಷಿಕರು ಹೇಳಿದ್ರು, ಬೆಂಕಿ ಒಳಗೆ ಹೊಕ್ಕು ಹಸಿ ಮಡಕೆಯನ್ನ ಪರಮಾಣು ಪರಮಾಣುವಾಗಿ ಬಿಡಿಸ್ತದೆ, ಒಂದೊಂದು ಪರಮಾಣುವೂ ಕೆಂಪಾಗ್ತದೆ, ಮತ್ತೆ ಎಲ್ಲ ಸೇರಿ ಹೊಸ ಮಡಕೆ ಆಗ್ತದೆ, ಇದೆಲ್ಲ ಎಷ್ಟು ಬೇಗ ಆಗ್ತದೆ ಅಂದ್ರೆ ಕಣ್ಣಿಗೆ ಗೊತ್ತೇ ಆಗುದಿಲ್ಲ. ಇದು ಪೀಲುಪಾಕ ವಾದ. ನೈಯಾಯಿಕರು, ಅಂದ್ರೆ ನ್ಯಾಯ ದರ್ಶನದವರು, ಒಪ್ಪಲಿಲ್ಲ. ಅದೇ ಮಡಕೆ, ಅದೇ ಆಕಾರ, ಒಳಗಿಟ್ಟದ್ದನ್ನೇ ಹೊರಗೆ ತೆಗೀತೇವೆ ಅಂತ ಗುರುತು ಹಿಡೀತೇವಲ್ಲ, ಹಾಗಾಗಿ ಮಡಕೆ ಬಿಡಿಸಿ ಹೋಗುದಿಲ್ಲ, ಸೂಕ್ಷ್ಮ ತೂತುಗಳಿಂದ ಶಾಖ ಒಳಗೆ ಹೋಗಿ ಇಡೀ ಮಡಕೆಯೇ ಬಣ್ಣ ಬದಲಾಯಿಸ್ತದೆ ಅಂದ್ರು. ಇದು ಪಿಠರಪಾಕ. ಹಸಿ ಹಂಚಿನ ಮೇಲೆ ಒತ್ತಿದ ಕಾರ್ಖಾನೆ ಹೆಸರು ಸುಟ್ಟ ಮೇಲೂ ಓದಲಿಕ್ಕೆ ಆಗ್ತದೆ, ನ್ಯಾಯದವರಿಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇರೆ ಬೇಡ. ಇವತ್ತಿನ ಕೆಮಿಸ್ಟ್ರಿ ಕೇಳಿದ್ರೆ ಎರಡೂ ಕಡೆಗೆ ಅರ್ಧ ಅರ್ಧ ಮಾರ್ಕು. ಮಣ್ಣಿನ ಹರಳುಗಳಲ್ಲಿ ಕಟ್ಟಿಕೊಂಡಿದ್ದ ನೀರು ಬಿಟ್ಟು ಹೋಗ್ತದೆ, ಕಬ್ಬಿಣದ ಅಂಶ ಆಕ್ಸಿಜನ್ ಜೊತೆ ಕೂಡಿ ಕೆಂಪು ಆಕ್ಸೈಡ್ ಆಗ್ತದೆ, ಅಂದ್ರೆ ಒಳಗಿನ ಜೋಡಣೆ ಬದಲಾಗುದು ನಿಜ, ಆದ್ರೆ ಹಂಚು ಬಿಡಿಸಿ ಹೋಗುದಿಲ್ಲ. ಮತ್ತೆ ಬಣ್ಣ ಒಂದೊಂದು ಪರಮಾಣುವಿಗೆ ಅಂಟಿದ್ದಲ್ಲ, ಅವು ಒಂದರ ಪಕ್ಕ ಒಂದು ಹೇಗೆ ಕೂತಿವೆ ಅನ್ನುದರಿಂದ ಹುಟ್ಟುದು.

ಇದೇ ಮಣ್ಣಿನ ಉದಾಹರಣೆ ಛಾಂದೋಗ್ಯ ಉಪನಿಷತ್ತಲ್ಲೂ ಉಂಟು, ಮಡಕೆ ಅನ್ನುದು ಬರೀ ಹೆಸರು, ಮಣ್ಣೇ ಸತ್ಯ ಅಂತ. ಶಂಕರರು ಅದನ್ನ ಹಿಡಿದು ಕಾರಣ ಮಾತ್ರ ಸತ್ಯ, ಕಾರ್ಯ ವ್ಯವಹಾರಕ್ಕೆ ಅಷ್ಟೇ ಸತ್ಯ ಅಂದ್ರು. ಉಡುಪಿ ಹತ್ರದ ಪಾಜಕದಲ್ಲಿ 1238ರಲ್ಲಿ ಹುಟ್ಟಿದ ಮಧ್ವಾಚಾರ್ಯರು ಆ ಅರ್ಥವನ್ನ ಒಪ್ಪಲೇ ಇಲ್ಲ. ಜಗತ್ತು ಸತ್ಯ, ದೇವರ ಅಧೀನ ಹೌದು, ಆದ್ರೆ ಅಧೀನ ಆದ ಮಾತ್ರಕ್ಕೆ ಸುಳ್ಳಲ್ಲ. ಅವರು ಹೇಳಿದ ಪಂಚಭೇದದಲ್ಲಿ, ಅಂದ್ರೆ ಐದು ಥರದ ವ್ಯತ್ಯಾಸದಲ್ಲಿ, ಮೂರು ಭೇದ ಜಡಕ್ಕೇ ಸಂಬಂಧಪಟ್ಟದ್ದು: ದೇವರಿಗೂ ಜಡಕ್ಕೂ, ಜೀವಕ್ಕೂ ಜಡಕ್ಕೂ, ಒಂದು ಜಡಕ್ಕೂ ಇನ್ನೊಂದು ಜಡಕ್ಕೂ. ಜಡ ಅಂತ ಉಡಾಫೆ ಮಾಡದೆ ಅದಕ್ಕೂ ತನ್ನದೇ ಒಂದು ಇರವು ಉಂಟು ಅಂತ ಇಷ್ಟು ಹಟ ಹಿಡಿದ ವೇದಾಂತ ನಮ್ಮ ಊರಿಂದಲೇ ಹೊರಟದ್ದು ಅನ್ನುದು ನಂಗೆ ದೊಡ್ಡ ವಿಷಯ, ಅದೇ ಊರಲ್ಲಿ ಇವತ್ತು ಮೈಕ್ ಹಿಡಿದು ವಸ್ತು ಎಲ್ಲ ಭ್ರಮೆ ಅಂದಾಗ ಯಾರೂ ಎದ್ದು ಕೇಳದಿದ್ರೆ ಬೇಜಾರಾಗ್ತದೆ. ಮಧ್ವರು ಪರಮಾಣುವಾದವನ್ನೂ ಹಾಗೇ ಬಿಡಲಿಲ್ಲ, ಪರಮಾಣುವಿಗೂ ಪೂರ್ವದ ಬದಿ ಪಶ್ಚಿಮದ ಬದಿ ಅಂತ ಇರಬೇಕಲ್ಲ, ಮತ್ತೆ ಭಾಗ ಇಲ್ಲ ಅನ್ನುದು ಹೇಗೆ ಅಂತ ಕೇಳಿದ್ರು.

ಕಾರ್ಕಳ, ಮೂಡುಬಿದಿರೆ ಕಡೆಯ ಜೈನರ ದಾರಿ ಮತ್ತೂ ಬೇರೆ. ಅವರಿಗೆ ವಸ್ತು ಅಂದ್ರೆ ಪುದ್ಗಲ, ಸ್ಪರ್ಶ ರಸ ಗಂಧ ಬಣ್ಣ ಇದ್ದದ್ದು. ಸ್ನಿಗ್ಧ ಮತ್ತು ರೂಕ್ಷ, ಅಂದ್ರೆ ಜಿಡ್ಡು ಮತ್ತು ಒರಟು ಗುಣಗಳಿಂದ ಪರಮಾಣುಗಳು ಒಂದಕ್ಕೊಂದು ಅಂಟ್ತಾವೆ. ಶಬ್ದ, ನೆರಳು, ಕತ್ತಲೆ ಕೂಡ ಪುದ್ಗಲದ್ದೇ ರೂಪ. ಎಲ್ಲಕ್ಕಿಂತ ಆಶ್ಚರ್ಯ ಕರ್ಮ ಕೂಡ ವಸ್ತುವೇ, ಎಣ್ಣೆ ಹಚ್ಚಿದ ಮೈಗೆ ಧೂಳು ಹಿಡಿದ ಹಾಗೆ ಜೀವಕ್ಕೆ ಹಿಡಿಯುವ ಸೂಕ್ಷ್ಮ ವಸ್ತು. ಕಾರ್ಕಳದ ಗೊಮ್ಮಟನ ಬುಡದಲ್ಲಿ ನಿಂತು ಈ ಮಾತು ನೆನಪು ಮಾಡಿಕೊಂಡ್ರೆ, 1432ರಿಂದ ಬಿಸಿಲು ಮಳೆಗೆ ನಿಂತ ಆ ಕಲ್ಲಿನ ಮೈ ಬೇರೆಯೇ ಥರ ಕಾಣ್ತದೆ.

ಮಂಗಳೂರಿನ ಇಗರ್ಜಿಗಳಲ್ಲೂ ಇದೇ ಪ್ರಶ್ನೆ ಉಂಟು, ನಾವು ಆ ಕಣ್ಣಲ್ಲಿ ನೋಡುದಿಲ್ಲ ಅಷ್ಟೆ. ಪರಮ ಪ್ರಸಾದದ ರೊಟ್ಟಿಯ ರುಚಿ, ಬಣ್ಣ, ತೂಕ ಹಾಗೇ ಇದ್ದು ಒಳಗಿನ ತತ್ವ ಮಾತ್ರ ಕ್ರಿಸ್ತನ ಶರೀರವಾಗಿ ಬದಲಾಗ್ತದೆ ಅಂತ ಕಥೋಲಿಕರು ನಂಬ್ತಾರೆ, 1215ರ ಲ್ಯಾಟರನ್ ಸಭೆ ಅದಕ್ಕೊಂದು ಹೆಸರನ್ನೂ ಒಪ್ಪಿತು. ಪ್ರೊಟೆಸ್ಟೆಂಟರು ಆ ವಿವರಣೆಯನ್ನ ಒಪ್ಪಲಿಲ್ಲ. ವಸ್ತು ಬೇರೆ, ಅದರ ಗುಣ ಬೇರೆ ಅನ್ನುವ ಅರಿಸ್ಟಾಟಲನ ಲೆಕ್ಕ ಇಲ್ಲದಿದ್ರೆ ಈ ಜಗಳವನ್ನ ಹೀಗೆ ಹೇಳಲಿಕ್ಕೇ ಆಗ್ತಿರಲಿಲ್ಲ. ಹಳೇ ಗ್ರೀಸಿನ ಡೆಮಾಕ್ರಿಟಸ್ ಹೇಳಿದ ಪರಮಾಣುಗಳು ಯುರೋಪಲ್ಲಿ ತುಂಬಾ ಕಾಲ ಬದಿಗೆ ಬಿದ್ದಿದ್ವು, ಹದಿನೇಳನೇ ಶತಮಾನದಲ್ಲಿ ಗಸೆಂಡಿ ಅನ್ನುವ ಪಾದ್ರಿಯೇ ದೇವರು ಸೃಷ್ಟಿ ಮಾಡಿದ್ದು ಪರಮಾಣುಗಳನ್ನ ಅಂತ ಹೇಳಿ ಅವನ್ನ ವಾಪಸ್ ತಂದ್ರು. 1789ರಲ್ಲಿ ಲವಾಸಿಯೆ ತಕ್ಕಡಿ ಹಿಡಿದು ರಾಸಾಯನಿಕ ಕ್ರಿಯೆಯಲ್ಲಿ ತೂಕ ಕಳೆಯುದಿಲ್ಲ ಅಂತ ಬರೆದ್ರು, 1808ರಲ್ಲಿ ಡಾಲ್ಟನ್ ಒಂದೊಂದು ಧಾತುವಿಗೂ ಅದರದ್ದೇ ತೂಕದ ಪರಮಾಣು ಅಂದ್ರು.

ಇಷ್ಟಾದ್ರೂ 1900ರ ಹೊತ್ತಿಗೂ ಮಾಖ್, ಓಸ್ಟ್ವಾಲ್ಡ್ ಥರದ ದೊಡ್ಡ ವಿಜ್ಞಾನಿಗಳು ಪರಮಾಣು ಬರೀ ಲೆಕ್ಕಕ್ಕೆ ಅನುಕೂಲ ಅಂತಲೇ ಹೇಳ್ತಿದ್ರು. ಆ ಸಂಶಯಕ್ಕೆ ಉತ್ತರ ಕೊಟ್ಟದ್ದು ಒಂದು ಮರದ ಅಂಟು. 1827ರಲ್ಲಿ ಬ್ರೌನ್ ಅನ್ನುವ ಸಸ್ಯವಿಜ್ಞಾನಿ ಪರಾಗದಿಂದ ಹೊರಬಿದ್ದ ಸಣ್ಣ ಕಣಗಳು ನೀರಲ್ಲಿ ನಿಲ್ಲದೆ ಕುಣಿಯುದನ್ನ ನೋಡಿದ್ದರು, 1905ರಲ್ಲಿ ಐನ್‌ಸ್ಟೈನ್ ಆ ಕುಣಿತ ನೀರಿನ ಅಣುಗಳು ಹೊಡೆಯುದರಿಂದ ಅಂತ ಲೆಕ್ಕ ಹಾಕಿದ್ರು, ಪ್ಯಾರಿಸಲ್ಲಿ ಪೆರಿನ್ ಅದನ್ನ ಅಳೆದೇ ನೋಡಿದ್ರು. ಅವರು ತಗೊಂಡದ್ದು ಗ್ಯಾಂಬೋಜ್, ಚಿತ್ರಕಾರರು ಹಳದಿ ಬಣ್ಣಕ್ಕೆ ಬಳಸ್ತಿದ್ದ ಅಂಟು, ಗಾರ್ಸಿನಿಯಾ ಜಾತಿಯ ಮರದ್ದು. ನಾವು ಜ್ಯೂಸು, ಸಾರು ಮಾಡುವ ಪುನರ್ಪುಳಿ ಕೂಡ ಗಾರ್ಸಿನಿಯಾವೇ. ಆ ಅಂಟನ್ನ ನೀರಲ್ಲಿ ಉಜ್ಜಿ, ಒಂದೇ ಗಾತ್ರದ ಕಣಗಳನ್ನ ಬೇರೆ ಮಾಡಿ, ಒಂದು ಹನಿಯೊಳಗೆ ಕೆಳಗೆ ಎಷ್ಟು ಕಣ, ಸ್ವಲ್ಪ ಮೇಲೆ ಎಷ್ಟು ಕಣ ಅಂತ ಸೂಕ್ಷ್ಮದರ್ಶಕದಲ್ಲಿ ಸಾವಿರಗಟ್ಟಲೆ ಎಣಿಸಿದ್ರು. ಬೆಟ್ಟ ಹತ್ತಿದ ಹಾಗೆ ಗಾಳಿ ತೆಳುವಾಗುವ ನಿಯಮವೇ ಆ ಹನಿಯಲ್ಲೂ ಸಿಕ್ಕಿತು. ಅದರಿಂದ 12 ಗ್ರಾಂ ಕಾರ್ಬನ್ನಿನಲ್ಲಿ ಎಷ್ಟು ಪರಮಾಣು ಅಂತ ಲೆಕ್ಕ ಬಂತು, ಸುಮಾರು 6ರ ಮುಂದೆ 23 ಸೊನ್ನೆ. ಓಸ್ಟ್ವಾಲ್ಡ್ ಒಪ್ಪಿಕೊಂಡ್ರು. ಗಾಜಿನ ಹಂಚಿನ ಕೆಳಗೆ ಧೂಳು ತೇಲುದು ಹೆಚ್ಚಾಗಿ ಗಾಳಿಗೆ, ಪೆರಿನ್ನಿನ ಕಣ ಕುಣಿದದ್ದು ಅಣುವಿನ ಪೆಟ್ಟಿಗೆ, ಆದ್ರೂ ಎರಡು ಕಡೆಯೂ ಮನುಷ್ಯ ಮಾಡಿದ್ದು ಒಂದೇ ಕೆಲಸ, ಕಾಣುವ ಕಣದಿಂದ ಕಾಣದ ಕಣಕ್ಕೆ ಹೋದದ್ದು. ಒಂದು ಕಡೆ ವಾದದಿಂದ ಆರನೇ ಒಂದು ಪಾಲು ಬಂತು, ಇನ್ನೊಂದು ಕಡೆ ಎಣಿಸಿ ಬೇರೆ ಉತ್ತರ ಬಂತು. ಧೂಳಿನ ಒಂದು ಕಣದಲ್ಲಿ ಇರುದು ಆರಲ್ಲ, ಕೋಟಿ ಕೋಟಿ ಪರಮಾಣು.

ಆಮೇಲೆ ಎಲ್ಲ ಬೇಗ ಬೇಗ ಆಯ್ತು. ಪೆರಿನ್ನಿಗೂ ಮೊದಲೇ, 1897ರಲ್ಲಿ ಎಲೆಕ್ಟ್ರಾನ್ ಸಿಕ್ಕಿತ್ತು, 1911ರಲ್ಲಿ ಪರಮಾಣುವಿನ ನಡುವಿನ ನ್ಯೂಕ್ಲಿಯಸ್, 1932ರಲ್ಲಿ ಅದರೊಳಗಿನ ನ್ಯೂಟ್ರಾನ್, 1960ರ ದಶಕದಲ್ಲಿ ಪ್ರೋಟಾನ್ ನ್ಯೂಟ್ರಾನುಗಳ ಒಳಗಿನ ಕ್ವಾರ್ಕ್, 2012ರಲ್ಲಿ ಹಿಗ್ಸ್ ಅನ್ನುವ ಕಣ. ಒಡೆಯಲಿಕ್ಕೆ ಆಗದ್ದು ಅಂತ ಹೆಸರಿಟ್ಟ ಪರಮಾಣು ಒಡೆದೇ ಹೋಯ್ತು.

ಕಣಾದನ ಹೆಸರು ಹೇಳುವವರು ಒಂದು ವಿಷಯ ಗಮನಿಸಬೇಕು ಅಂತ ನಂಗೆ ತುಂಬಾ ಅನ್ನಿಸ್ತದೆ. ವೈಶೇಷಿಕ ಅನ್ನುವ ಹೆಸರು ಬಂದದ್ದೇ ವಿಶೇಷದಿಂದ, ಅಂದ್ರೆ ಎರಡು ಪರಮಾಣು ಎಲ್ಲದರಲ್ಲೂ ಒಂದೇ ಥರ ಇದ್ರೂ ಇದು ಇದೇ, ಅದು ಅದೇ ಅಂತ ಬೇರೆ ಮಾಡುವ ಏನೋ ಒಂದು ಪ್ರತಿಯೊಂದರಲ್ಲೂ ಉಂಟು ಅನ್ನುವ ಮಾತಿಂದ. 1924ರಲ್ಲಿ ಢಾಕಾದಲ್ಲಿ ಪಾಠ ಮಾಡ್ತಿದ್ದ ಸತ್ಯೇಂದ್ರನಾಥ ಬೋಸ್ ಮಾಡಿದ ಲೆಕ್ಕ ಸರಿಯಾಗಿ ಇದಕ್ಕೆ ಉಲ್ಟಾ. ಎರಡು ನಾಣ್ಯ ಚಿಮ್ಮಿದ್ರೆ ನಾಲ್ಕು ಸಾಧ್ಯತೆ, ಯಾಕಂದ್ರೆ ಈ ನಾಣ್ಯ ಹೆಡ್ಡು ಆ ನಾಣ್ಯ ಟೇಲು ಅನ್ನುದು ಬೇರೆ, ತಿರುಗಿಸಿದ್ರೆ ಬೇರೆ. ಬೆಳಕಿನ ಕಣಗಳಿಗೆ ಹಾಗೆ ಎಣಿಸಿದ್ರೆ ಉತ್ತರ ತಪ್ಪು ಬರ್ತದೆ, ಮೂರೇ ಅಂತ ಎಣಿಸಬೇಕು, ಯಾಕಂದ್ರೆ ಅಲ್ಲಿ ಈ ಕಣ ಆ ಕಣ ಅನ್ನುವ ಗುರುತೇ ಇಲ್ಲ. ಎಲೆಕ್ಟ್ರಾನಿನ ಲೆಕ್ಕದ ನಿಯಮ ಬೇರೆ, ಆದ್ರೆ ಅಲ್ಲೂ ಒಂದಕ್ಕೂ ಇನ್ನೊಂದಕ್ಕೂ ಗುರುತಿಲ್ಲ. ಮಾಧ್ವರ ಜಡ-ಜಡ ಭೇದಕ್ಕೂ ಇದು ದೊಡ್ಡ ಪ್ರಶ್ನೆ. ಕಣಾದ ಎಲ್ಲ ಮೊದಲೇ ಹೇಳಿದ್ದ ಅಂತ ಮುಗಿಸಿಬಿಟ್ರೆ ಕಣಾದನ ನಿಜವಾದ ಮಾತೂ ಕಾಣುದಿಲ್ಲ, ಬೋಸ್ ಮಾಡಿದ್ದೂ ಕಾಣುದಿಲ್ಲ, ಇಬ್ಬರಿಗೂ ಅನ್ಯಾಯ.

ಮಾಯೆಯ ಕಡೆಯವರು ಹೇಳುದು ಪರಮಾಣುವಿನ ಒಳಗೆ ಎಲ್ಲ ಖಾಲಿ, ಹಾಗಾಗಿ ವಸ್ತು ಸುಳ್ಳು ಅಂತ. ಖಾಲಿ ಆದ್ರೆ ಮುರಕಲ್ಲಿನ ಗೋಡೆಗೆ ಕೈ ಹಾಕಿದಾಗ ಆಚೆ ಯಾಕೆ ಹೋಗುದಿಲ್ಲ? 1925ರಲ್ಲಿ ಪೌಲಿ ಹೇಳಿದ ನಿಯಮ ಉಂಟು, ಎರಡು ಎಲೆಕ್ಟ್ರಾನ್ ಒಂದೇ ಸ್ಥಿತಿಯಲ್ಲಿ ಇರಲಿಕ್ಕೆ ಆಗುದಿಲ್ಲ. ವಸ್ತು ಕುಸಿಯದೆ ಜಾಗ ಹಿಡಿದು ನಿಲ್ಲಬೇಕಾದ್ರೆ ಈ ನಿಯಮ ಬೇಕೇ ಬೇಕು ಅಂತ 1967ರಲ್ಲಿ ಡೈಸನ್ ಮತ್ತು ಲೆನಾರ್ಡ್ ಗಣಿತದಲ್ಲೇ ತೋರಿಸಿದ್ರು. ಅಂದ್ರೆ ಗೋಡೆಯನ್ನ ಗಟ್ಟಿ ಮಾಡುದೇ ಕ್ವಾಂಟಮ್. ಪ್ರೋಟಾನಿನ ತೂಕದಲ್ಲಿ ಕ್ವಾರ್ಕುಗಳ ಸ್ವಂತ ತೂಕ ಸುಮಾರು ಶೇಕಡಾ 1 ಮಾತ್ರ, ಉಳಿದದ್ದು ಅವುಗಳ ಓಡಾಟ ಮತ್ತು ಅವನ್ನ ಕಟ್ಟಿಹಾಕುವ ಶಕ್ತಿಯದ್ದು. ಆದ್ರೆ ಶಕ್ತಿ ಅನ್ನುದು ಭ್ರಮೆ ಅಲ್ಲ, ತಕ್ಕಡಿಯಲ್ಲಿ ಅದಕ್ಕೆ ತೂಕ ಉಂಟು.

ಉಳ್ಳಾಲದ ಕಡಲತೀರದ ಮರಳಲ್ಲಿ ಮೊನಜೈಟ್ ಅನ್ನುವ ಖನಿಜ ಉಂಟು, ಅದರಲ್ಲಿ ಥೋರಿಯಂ ಅನ್ನುವ ವಿಕಿರಣ ಬಿಡುವ ಧಾತು, ಅಲ್ಲಿನ ವಿಕಿರಣ ಬೇರೆ ಕಡೆಗಿಂತ ಜಾಸ್ತಿ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದವರು ಅದನ್ನ ಅಳೆದಿದ್ದಾರೆ. ಒಂದು ಮುಷ್ಟಿ ಆ ಮರಳು ಹಿಡಿದ್ರೆ ಅದರಲ್ಲಿರುವ ಥೋರಿಯಂ ಅರ್ಧ ಆಗಲಿಕ್ಕೆ ಸುಮಾರು 1400 ಕೋಟಿ ವರ್ಷ ಬೇಕು, ಇಡೀ ವಿಶ್ವದ ಈಗಿನ ವಯಸ್ಸಿಗೆ ಹತ್ರ ಹತ್ರ. ನಿತ್ಯ ಅಂತ ವೈಶೇಷಿಕರು ಹೇಳಿದ ಪರಮಾಣುಗಳಲ್ಲಿ ಕೆಲವು ಕೈಯಲ್ಲಿ ಹಿಡಿದಿರುವಾಗಲೇ ಬೇರೆ ಧಾತುವಾಗ್ತಾ ಇರ್ತಾವೆ.

ಈಗ ಪಿಲಿಕುಳದ ತಾರಾಲಯಕ್ಕೆ ಹೋದ ಮಕ್ಕಳು ಕೇಳುದು ಡಾರ್ಕ್ ಮ್ಯಾಟರ್ ಬಗ್ಗೆ. ನಾವು ಇಷ್ಟು ಹೊತ್ತು ಮಾತಾಡಿದ ವಸ್ತು, ಹಂಚು ಕಲ್ಲು ನಕ್ಷತ್ರ ಎಲ್ಲ ಸೇರಿ ವಿಶ್ವದ ಸುಮಾರು ಶೇಕಡಾ 5 ಮಾತ್ರ, ಶೇಕಡಾ 27ರಷ್ಟು ಬೆಳಕು ಕೊಡದ, ಗುರುತ್ವ ಮಾತ್ರ ಇರುವ ಬೇರೆ ಏನೋ, ಅದೇ ಡಾರ್ಕ್ ಮ್ಯಾಟರ್. 1933ರಲ್ಲಿ ಜ್ವಿಕಿ ಅದರ ಸುಳಿವು ಕೊಟ್ಟದ್ದು, 1970ರ ದಶಕದಲ್ಲಿ ವೆರಾ ರೂಬಿನ್ ಗೆಲಾಕ್ಸಿಗಳು ತಿರುಗುವ ವೇಗ ಅಳೆದು ಗಟ್ಟಿ ಮಾಡಿದ್ದು. ಇದೇ ಸಾಂಖ್ಯ ದರ್ಶನದವರ ಅವ್ಯಕ್ತ ಪ್ರಕೃತಿ, ಅಂದ್ರೆ ಕಣ್ಣಿಗೆ ಕಾಣದ ಮೂಲವಸ್ತು, ಅಂತ ಆಗಲೇ ಮೆಸೇಜು ತಿರುಗ್ಲಿಕ್ಕೆ ಶುರುವಾಗಿದೆ. ಜಾರ್ಖಂಡಿನ ಜಾದುಗುಡದಲ್ಲಿ ಯುರೇನಿಯಂ ಗಣಿಯೊಳಗೆ 500 ಮೀಟರಿಗಿಂತ ಆಳದಲ್ಲಿ ನಮ್ಮ ವಿಜ್ಞಾನಿಗಳು ಅದಕ್ಕೊಂದು ಪ್ರಯೋಗಶಾಲೆ ಮಾಡಿದ್ದಾರೆ, ಬೇರೆ ದೇಶಗಳಲ್ಲಿ ಟನ್‌ಗಟ್ಟಲೆ ದ್ರವ ಕ್ಸೆನಾನ್ ತುಂಬಿದ ತೊಟ್ಟಿಗಳನ್ನ ನೆಲದ ಅಡಿಯಲ್ಲಿ ಇಟ್ಟು ಕಾಯ್ತಾ ಇದ್ದಾರೆ. ಇದುವರೆಗೆ ಆ ವಸ್ತುವಿನ ಒಂದೇ ಒಂದು ಕಣವೂ ಯಾರಿಗೂ ಖಾತ್ರಿಯಾಗಿ ಸಿಕ್ಕಿಲ್ಲ.